ನಮ್ಮೂರ ಚಿತ್ರಕಾರ್ಡು, ಪರವೂರ ಹುಡುಗಿ

ಸರಕಾರಿ ಶಾಲೆಯಲ್ಲಿ ಇಪ್ಪತ್ತಮೂರು ವರ್ಷ ಪಾಠ ಮಾಡಿದ ನನಗೆ ತರಬೇತಿ ಎಂದರೆ ಈಗಲೂ ಮೊದಲು ನೆನಪಾಗುವುದು ಗೋಳಿಬಜೆ. ಮಣಿಪಾಲದ ಗುಡ್ಡದ ಮೇಲೊಂದು ಎಸಿ ಸಭಾಂಗಣ, ಹನ್ನೊಂದಕ್ಕೆ ಚಹಾ ಮತ್ತು ಗೋಳಿಬಜೆ, ಒಂದಕ್ಕೆ ಊಟ, ಸಂಜೆ ನಾಲ್ಕಕ್ಕೆ ಪ್ರಮಾಣಪತ್ರ. ಈ ಮೂರರ ನಡುವೆ ಯಾರೋ ಏನೋ ಮಾತಾಡುತ್ತಾರೆ. ಆ ಸಲದ ತರಬೇತಿಯ ಹೆಸರು ‘ಬಹುಭಾಷಾ ತರಗತಿಯಲ್ಲಿ ಶಿಕ್ಷಕರ ಸಾಂಸ್ಕೃತಿಕ ಸಾಮರ್ಥ್ಯ’. ಬ್ಯಾನರಿನಲ್ಲಿ ಅದನ್ನು ಓದಿ ಮುಗಿಸುವಷ್ಟರಲ್ಲಿ ಲೋಟದ ಚಹಾ ಆರಿತ್ತು.

ಪಾಠ ಹೇಳಲು ಬಂದಿದ್ದ ತಜ್ಞೆ ದೊಡ್ಡ ಊರಿನವರು. ಮಕ್ಕಳ ಎದುರು ನಿಂತು ಎಷ್ಟು ವರ್ಷವಾಗಿತ್ತೋ, ನಿಂತಿದ್ದರೋ ಇಲ್ಲವೋ, ದೇವರಿಗೇ ಗೊತ್ತು. ಪ್ರತಿ ವಾಕ್ಯಕ್ಕೊಮ್ಮೆ ‘ಡಿಯರ್ ಟೀಚರ್ಸ್’ ಎನ್ನುತ್ತಿದ್ದರು. ‘ಮಗುವಿನ ಮನೆಯನ್ನು ತರಗತಿಗೆ ತನ್ನಿ’ ಎಂದರು. ಅದನ್ನೇ ನಾಲ್ಕು ಸಲ, ಕಣ್ಣು ಮುಚ್ಚಿಕೊಂಡು, ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು. ಆಮೇಲೆ ಒಬ್ಬೊಬ್ಬರೂ ಅವರವರ ಮನೆಮಾತಿನಲ್ಲಿ ಜೋಗುಳ ಹಾಡಬೇಕೆಂದಾಯಿತು. ಕಾರ್ಕಳ ಕಡೆಯ ಒಬ್ಬ ಮೇಷ್ಟ್ರು, ಕ್ಲಾಸಿನಲ್ಲಿ ಯಾರಾದರೂ ತುಳು ಮಾತಾಡಿದರೆ ಕಿವಿ ಹಿಂಡುವುದರಲ್ಲಿ ಹೆಸರುವಾಸಿಯಾದವರು, ವೇದಿಕೆಯ ಮೇಲೆ ತುಳು ಜೋಗುಳ ಹಾಡಿ ಅತ್ತೇಬಿಟ್ಟರು. ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ಪಕ್ಕದವಳು ಕಿವಿಯಲ್ಲಿ, “ಎಂತ ನಾಟಕ ಮಾರಾಯ್ತಿ” ಎಂದಳು. ಅವಳೂ ತಟ್ಟುತ್ತಲೇ ಇದ್ದಳು.

ಮಧ್ಯಾಹ್ನ ಚಿತ್ರಕಾರ್ಡು ಮಾಡುವ ಕೆಲಸ. ಶಾಲೆಗೆ ಹೊಸದಾಗಿ ಬಂದ ಮಗುವಿನ ಮಟ್ಟ ತಿಳಿಯಲು ಪುಸ್ತಕ ಬೇಡ, ಭಯವಾಗುತ್ತದೆ. ಅದಕ್ಕೆ ಪರಿಚಯವಿರುವ ಚಿತ್ರ ತೋರಿಸಿ, ಹೆಸರು ಹೇಳಿಸಿ ಎಂಬುದು ತಜ್ಞೆಯ ಸೂಚನೆ. ಇಪ್ಪತ್ತು ಕಾರ್ಡು, ಇಪ್ಪತ್ತು ಅಂಕ. ಯಾವ ಚಿತ್ರ ಇರಬೇಕೆಂದು ನಾವು ಮುಕ್ಕಾಲು ಗಂಟೆ ಜಗಳವಾಡಿದೆವು. ನೀರುದೋಸೆ ಬೇಕು ಎಂದರು ಒಬ್ಬರು. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ಇಲ್ಲದಿದ್ದರೆ ನಮ್ಮ ಮಕ್ಕಳು ಎಲ್ಲಿ ಹೋಗಬೇಕು ಎಂದರು ಕೊಂಕಣಿ ಮಾತಾಡುವ ಟೀಚರು. ಬ್ಯಾರಿ ಮಾತಾಡುವ ಮೇಷ್ಟ್ರು ಪತ್ತಿರ್ ಎಂಬ ಅಕ್ಕಿರೊಟ್ಟಿ ಸೇರಿಸಿದರು. ಏಡಿ, ದೋಣಿ, ಬಲೆ, ಅಡಿಕೆ ಹಾಳೆಯ ಮುಟ್ಟಾಳೆ ಟೊಪ್ಪಿ, ಯಕ್ಷಗಾನದ ವೇಷ, ಕಂಬಳ, ಕಾಪು ಕಡಲತೀರದ ದೀಪಸ್ತಂಭ, ಎಲ್ಲವೂ ಬಂದವು. ಯಾರಿಗೂ ಬೇಸರವಾಗದ ಹಾಗೆ ಎಲ್ಲರ ಮನೆಯನ್ನೂ ತರಗತಿಗೆ ತಂದೆವು. ನಮ್ಮ ವಿಶಾಲ ಮನಸ್ಸಿಗೆ ನಾವೇ ಬೆನ್ನು ತಟ್ಟಿಕೊಂಡೆವು. ಸಭಾಂಗಣದ ಕಿಟಕಿಯ ಹೊರಗೆ ಹೊಸ ಕಟ್ಟಡವೊಂದಕ್ಕೆ ಕೊಪ್ಪಳ, ರಾಯಚೂರು ಕಡೆಯವರು ಕಲ್ಲು ಹೊರುತ್ತಿದ್ದರು. ಅವರ ಮಕ್ಕಳು ನಮ್ಮ ಶಾಲೆಗಳಲ್ಲೇ ಇದ್ದರು. ಅವರ ಮನೆ ಮಾತ್ರ ಯಾರಿಗೂ ನೆನಪಾಗಲಿಲ್ಲ, ಏಕೆಂದರೆ ಅವರಲ್ಲಿ ಯಾರೂ ಟೀಚರಾಗಿ ಗೋಳಿಬಜೆ ತಿನ್ನಲು ಬಂದಿರಲಿಲ್ಲ.

ನನ್ನ ಶಾಲೆ ಇರುವುದು ಕಾಪು ಪೇಟೆಯಿಂದ ಸ್ವಲ್ಪ ಒಳಗೆ. ನನ್ನ ಮನೆ ಹಿರಿಯಡ್ಕ. ದಿನಾ ಉಡುಪಿಗೆ ಬಂದು ಬಸ್ಸು ಬದಲಿಸಿ ಹೋಗುತ್ತೇನೆ. ನಮ್ಮ ಮನೆಯಲ್ಲಿ ಕನ್ನಡ ಮಾತಾಡಿದವರಿಲ್ಲ, ಎಲ್ಲ ತುಳುವೇ. ಕನ್ನಡ ನಮಗೆ ಶಾಲೆಯಲ್ಲಿ ಸಿಕ್ಕಿದ್ದು, ಪುಸ್ತಕದಿಂದ. ಹಾಗಾಗಿ ನಮ್ಮಷ್ಟು ಶುದ್ಧ ಕನ್ನಡ ರಾಜ್ಯದಲ್ಲಿ ಬೇರೆ ಯಾರದ್ದೂ ಇಲ್ಲವೆಂಬ ಸೊಕ್ಕು ನಮಗೆಲ್ಲ. ಘಟ್ಟದ ಮೇಲೆ ಹೋದಾಗ ಅಂಗಡಿಯವನು ‘ನೀವು ವಾರ್ತೆ ಓದಿದ ಹಾಗೆ ಮಾತಾಡ್ತೀರಲ್ಲ’ ಎಂದು ನಕ್ಕರೆ, ಅದನ್ನೂ ಹೊಗಳಿಕೆ ಎಂದುಕೊಂಡು ಮನೆಗೆ ಬಂದು ಹೇಳುವ ಜಾತಿ ನಮ್ಮದು.

ಆ ವರ್ಷ ಜೂನ್ ಕೊನೆಯಲ್ಲಿ ಒಬ್ಬಳು ಹುಡುಗಿ ಐದನೇ ಕ್ಲಾಸಿಗೆ ಬಂದಳು. ಐದನೆಯದಕ್ಕೆ ನಾನೇ ಕ್ಲಾಸ್ ಟೀಚರು. ಕೊಪ್ಪಳ ಕಡೆಯವಳು. ಅಪ್ಪ ಅಮ್ಮ ಹೆದ್ದಾರಿಯ ಬದಿಯ ಒಂದು ಕಟ್ಟಡದಲ್ಲಿ ಕೆಲಸಕ್ಕಿದ್ದರು, ಅದರ ಹಿಂದಿನ ಶೆಡ್ಡಿನಲ್ಲೇ ವಾಸ. ಊರಿನಲ್ಲಿ ನಾಲ್ಕನೇ ಕ್ಲಾಸು ಮುಗಿಸಿದ ವರ್ಗಾವಣೆ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿ ತಂದಿದ್ದಳು. ಅವಳು ಬಾಯಿಬಿಟ್ಟದ್ದೇ ತಡ, ಇಡೀ ಕ್ಲಾಸು ಗೊಳ್ಳೆಂದಿತು. ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮೂವತ್ತು ಮಕ್ಕಳು, ಮನೆಯಲ್ಲಿ ಕನ್ನಡವನ್ನೇ ಮಾತಾಡುವ ಒಬ್ಬಳೇ ಹುಡುಗಿಗೆ ‘ಕನ್ನಡ ಬರುವುದಿಲ್ಲ’ ಎಂದು ತೀರ್ಮಾನಿಸಿಬಿಟ್ಟರು. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಸ್ಟಾಫ್‌ರೂಮಿನಲ್ಲಿ ನಾವೂ ಅದನ್ನೇ ಹೇಳಿದೆವು.

ಎರಡನೆಯ ವಾರ ಹೆಡ್‌ಮಿಸ್ಸು ಚಿತ್ರಕಾರ್ಡಿನ ಪೆಟ್ಟಿಗೆ ತೆಗೆದರು. ನಮ್ಮ ಶಾಲೆಯನ್ನು ಮಾದರಿ ಶಾಲೆಯೆಂದು ಆರಿಸುವ ಮಾತಿತ್ತು, ಫಲಿತಾಂಶ ಮಣಿಪಾಲದ ತರಬೇತಿ ಕೇಂದ್ರದ ಮೂಲಕ ತಜ್ಞೆಗೆ ಹೋಗಬೇಕಿತ್ತು. ಹುಡುಗಿಯನ್ನು ಸ್ಟಾಫ್‌ರೂಮಿಗೆ ಕರೆಸಿ ಸ್ಟೂಲಿನ ಮೇಲೆ ಕೂರಿಸಿದರು. ಮೊದಲನೆಯ ಕಾರ್ಡು ಏಡಿ. ಪಾಪ, ಅವಳು ಏಡಿಯನ್ನು ಎಲ್ಲಿ ನೋಡಬೇಕು? ಕಾರ್ಡನ್ನು ಹಾಗೇ ಹಿಂದಕ್ಕೆ ಕೊಟ್ಟಳು. ನೀರುದೋಸೆಗೆ “ರೊಟ್ಟಿ” ಎಂದಳು, ತಪ್ಪು. ಯಕ್ಷಗಾನದ ವೇಷಕ್ಕೆ “ದ್ಯಾವ್ರು” ಎಂದಳು, ತಪ್ಪು. ಕಂಬಳದ ಚಿತ್ರ ನೋಡಿ ಮೊದಲ ಬಾರಿಗೆ ಮುಖ ಅರಳಿಸಿ “ಕ್ವಾಣ” ಎಂದಳು. ಹಾಳೆಯಲ್ಲಿ ಉತ್ತರ ‘ಕಂಬಳ’ ಎಂದಿತ್ತು, ಅದೂ ತಪ್ಪಾಯಿತು. ದೀಪಸ್ತಂಭದ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ “ನೀರಿನ ಟಾಕಿ” ಎಂದಾಗ ಹೆಡ್‌ಮಿಸ್ಸು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು, ಕಣ್ಣೀರು ಒರೆಸಿಕೊಂಡರು. ಇಪ್ಪತ್ತಕ್ಕೆ ಮೂರು ಬಂತು. ನಾವು ಮಗುವಿಗೆ ಭಯವಾಗಬಾರದೆಂದು ಮಾಡಿದ ಕಾರ್ಡುಗಳವು. ಸ್ಟೂಲಿನಿಂದ ಇಳಿದವಳೇ ತಿರುಗಿ ನೋಡದೆ ಹೊರಗೆ ಓಡಿದಳು.

“ಇವಳನ್ನು ಐದರಲ್ಲಿ ಕೂರಿಸಿದರೆ ಇಡೀ ಕ್ಲಾಸಿನ ಸರಾಸರಿ ಬೀಳ್ತದೆ. ದಾಖಲೆಯಲ್ಲಿ ಐದು ಅಂತಲೇ ಇರ್ಲಿ, ಕೂರುವುದು ಮೂರರಲ್ಲಿ. ನೀವೊಂದು ವರದಿ ಬರೆದು ಸಹಿ ಹಾಕಿ ಟೀಚರೇ” ಎಂದರು ಹೆಡ್‌ಮಿಸ್ಸು. ನಾಳೆ ಬರೆಯುತ್ತೇನೆ ಎಂದೆ.

ಅದೇ ಸಂಜೆ ಬಸ್ಸಿಗೆ ಕಾಯುತ್ತಿದ್ದೆ. ಜೋರು ಮಳೆ. ತಂಗುದಾಣದ ಬೆಂಚಿನ ಮೇಲೆ ಆ ಹುಡುಗಿ, ಅವಳ ಅಮ್ಮ, ಅಮ್ಮನ ಮಡಿಲಲ್ಲಿ ಒಂದು ಕೂಸು. ಅವರು ನನಗೆ ಬೆನ್ನು ಹಾಕಿ ಕೂತಿದ್ದರು. ಹುಡುಗಿಯ ಕೈಯಲ್ಲಿ ತಿಂಡಿ ಕಟ್ಟಿಸಿಕೊಂಡ ಹಳೆಯ ಪೇಪರಿನ ಹಾಳೆ, ಎಣ್ಣೆ ಹತ್ತಿದ್ದು. ಅದನ್ನು ಅಮ್ಮನಿಗೆ ಓದಿ ಹೇಳುತ್ತಿದ್ದಳು. ಯಾವುದೋ ಊರಿನ ಕೊಲೆಯ ಸುದ್ದಿ. ಅಬ್ಬಬ್ಬಾ, ಏನು ಓದು! ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು, ಎಲ್ಲ ಗೊತ್ತು ಅವಳಿಗೆ. ಅಮ್ಮ ಉಸಿರು ಬಿಗಿಹಿಡಿದು “ಮುಂದ? ಮುಂದೇನಾತ?” ಎನ್ನುತ್ತಿದ್ದಳು. ನನ್ನ ಕ್ಲಾಸಿನ ಮಕ್ಕಳು ಓದುವುದು ಮಗ್ಗಿ ಒಪ್ಪಿಸಿದ ಹಾಗೆ. ಇವಳ ಬಾಯಲ್ಲಿ ಕೊಲೆಗಾರ ಬಾಗಿಲು ತಟ್ಟಿದಾಗ ನನ್ನ ಮೈ ಜುಮ್ಮೆಂದಿತು. ಉಡುಪಿಯ ಬಸ್ಸು ಬಂದು ನಿಂತು ಹೋಯಿತು, ನಾನು ಹತ್ತಲಿಲ್ಲ. ಕೊಲೆಗಾರ ಸಿಕ್ಕಿದನೋ ಇಲ್ಲವೋ ತಿಳಿಯಬೇಕಿತ್ತು ನನಗೆ.

ಹಾಳೆ ಅಲ್ಲಿಗೇ ಹರಿದಿತ್ತು. ಹುಡುಗಿ ತಲೆಯೆತ್ತಿ ಹಿಂದೆ ನೋಡಿದಳು, ನನ್ನನ್ನು ಕಂಡು ಥಟ್ಟನೆ ಎದ್ದು ನಿಂತಳು. “ಎಷ್ಟು ಚಂದ ಓದ್ತೀಯ ಮಾರಾಯ್ತಿ!” ಎಂದೆ. ಮನಸ್ಸಿನಿಂದಲೇ ಬಂದ ಮಾತು ಅದು. ಅವಳು ನಾಚಿ ಅಮ್ಮನ ಸೆರಗು ಹಿಡಿದಳು. ಅಮ್ಮನ ಮುಖದ ಹೆಮ್ಮೆ ಹೇಳಿ ಪೂರೈಸದು.

ಮರುದಿನ ಬೆಳಿಗ್ಗೆ ಹೆಡ್‌ಮಿಸ್ಸು ಮೇಜಿನ ಮೇಲೆ ಎರಡು ಕಾಗದ ಇಟ್ಟಿದ್ದರು. ಒಂದು ಹುಡುಗಿಯ ವರದಿ ಬರೆಯಲು ಖಾಲಿ ಹಾಳೆ. ಇನ್ನೊಂದು, ಮುಂದಿನ ತರಬೇತಿಗಳಿಗೆ ಸಂಪನ್ಮೂಲ ವ್ಯಕ್ತಿಯಾಗಿ ನನ್ನ ಹೆಸರು ಸೂಚಿಸುವ ಪತ್ರ. ಎರಡೂ ಒಂದೇ ಲಕೋಟೆಯಲ್ಲಿ ಮಣಿಪಾಲಕ್ಕೆ ಹೋಗುವಂಥವು. ವೇದಿಕೆ, ಮೈಕು, ‘ಮೇಡಂ ಮೇಡಂ’ ಎಂದು ಹಿಂದೆ ಬರುವ ಟೀಚರುಗಳು, ಇವೆಲ್ಲ ನನಗೆ ಬೇಕಿದ್ದವು. ಹೆಡ್‌ಮಿಸ್ಸಿಗೆ ‘ಮೇಡಂ, ಕಾರ್ಡೇ ತಪ್ಪು, ಈ ಹುಡುಗಿ ನಮಗಿಂತ ಚೆನ್ನಾಗಿ ಓದುತ್ತಾಳೆ’ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಕಾರ್ಡು ತಪ್ಪೆಂದರೆ ತಜ್ಞೆಗೆ ಕೋಪ, ಹೆಡ್‌ಮಿಸ್ಸಿಗೆ ಕೋಪ, ನನ್ನ ಹೆಸರು ಕಸದ ಬುಟ್ಟಿಗೆ. ‘ಕನ್ನಡದಲ್ಲಿ ಮೂಲ ಸಾಮರ್ಥ್ಯದ ಕೊರತೆ ಇದೆ’ ಎಂದು ಶುದ್ಧ ಕನ್ನಡದಲ್ಲಿ ಬರೆದು, ದುಂಡಗೆ ಸಹಿ ಹಾಕಿದೆ. ಥೂ, ನನ್ನ ಜನ್ಮಕ್ಕಿಷ್ಟು!

ನಮ್ಮಲ್ಲಿ ಒಂದರಿಂದ ಮೂರನೆಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಚಾಪೆಯ ಮೇಲೆ ಕೂರುತ್ತಾರೆ. ಹನ್ನೊಂದು ವರ್ಷದ ಹುಡುಗಿಯನ್ನು ಆ ಚಿಳ್ಳೆಪಿಳ್ಳೆಗಳ ನಡುವೆ ಕೂರಿಸಿ, ಏಡಿಯ ಚಿತ್ರಕ್ಕೆ ಬಣ್ಣ ತುಂಬಲು ಕೊಟ್ಟರು. ನಾನು ಆ ಕೋಣೆಯ ಎದುರು ಹೋಗುವಾಗ ಕೈಯಲ್ಲಿದ್ದ ಹಾಜರಿ ಪುಸ್ತಕ ತೆರೆದು ಓದುತ್ತಾ ಹೋಗುತ್ತಿದ್ದೆ.

ನಾಲ್ಕನೆಯ ದಿನ ಅಮ್ಮ ಬಂದಳು. ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಳು, ಕೈಯಲ್ಲಿ ಸಿಮೆಂಟು ಇನ್ನೂ ಅಂಟಿಕೊಂಡಿತ್ತು. “ಊರಾಗ ನಾಕನೇತ್ತ ಪಾಸಾಗ್ಯಾಳ್ರೀ. ಸಣ್ಣ ಹುಡುಗ್ರ ಜೋಡಿ ಕುಂಡ್ರಸಿದ್ರ ಆಕಿ ಸಾಲಿಗೆ ಬರಂಗಿಲ್ಲ ಅಂತ ಅಳತಾಳ್ರೀ. ಆಕಿ ಬರಲಿಲ್ಲಂದ್ರ ಅವರಪ್ಪ ಕೂಸು ನೋಡ್ಕೊಳ್ಳಾಕ ಹಚ್ಚತಾನ್ರೀ” ಎಂದಳು. ಹೆಡ್‌ಮಿಸ್ಸು ಮುಖ ಗಂಟು ಹಾಕಿಕೊಂಡು, “ಇದೆಲ್ಲ ವೈಜ್ಞಾನಿಕ ಪರೀಕ್ಷೆ ಅಮ್ಮ, ನಿಮಗೆ ಗೊತ್ತಾಗುವುದಿಲ್ಲ” ಎಂದರು.

ಅವಳು ನನ್ನ ಕಡೆ ತಿರುಗಿದಳು. “ಅಕ್ಕಾರ, ಅವತ್ತು ಬಸ್‌ಸ್ಟ್ಯಾಂಡಿನಾಗ ನೀವ ಕೇಳೀರಲ್ಲ. ನೀವರ ಹೇಳ್ರಿ. ಆಕಿ ಓದತಾಳೋ ಇಲ್ಲೋ?”

ನಾನು ಹೇಳಿದ್ದು ಒಂದೇ ಮಾತು: “ನೋಡುವ.”

ನಮ್ಮ ಕಡೆ ಆಗುವುದಿಲ್ಲ ಎಂದು ಯಾರೂ ಯಾರ ಮುಖಕ್ಕೂ ಹೇಳುವುದಿಲ್ಲ. ‘ನೋಡುವ’ ಎನ್ನುತ್ತೇವೆ. ಬಹಳ ಮರ್ಯಾದಸ್ಥರು ನಾವು. ಅವಳಿಗೆ ಅದು ತಿಳಿಯಲಿಲ್ಲ. ಖುಷಿಯಿಂದ ಕೈಮುಗಿದು ಹೋದಳು, ನಾನು ನಿಜವಾಗಿಯೂ ನೋಡುತ್ತೇನೆಂದುಕೊಂಡು.

ಹುಡುಗಿ ಒಂಬತ್ತನೆಯ ದಿನದಿಂದ ಬರಲಿಲ್ಲ. ಬಸ್ಸಿನ ಕಿಟಕಿಯಿಂದ ಒಂದೆರಡು ಸಲ ಕಂಡಳು, ಆ ಕಟ್ಟಡದ ಎದುರು ಜಲ್ಲಿ ರಾಶಿಯ ಮೇಲೆ, ಕೂಸನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ನಾನು ಮುಖ ಆಚೆ ತಿರುಗಿಸಿದೆ. ದಸರಾ ರಜೆ ಮುಗಿಸಿ ಬಂದಾಗ ಶೆಡ್ಡೂ ಇರಲಿಲ್ಲ, ಅವರೂ ಇರಲಿಲ್ಲ. ನಮ್ಮದು ಮಾದರಿ ಶಾಲೆಯಾಯಿತು. ಗೇಟಿನ ಮೇಲೆ ಬೋರ್ಡು ಬಂತು.

ನಾನು ಸಂಪನ್ಮೂಲ ವ್ಯಕ್ತಿಯಾದೆ. ಉಡುಪಿ, ಹಿರಿಯಡ್ಕ, ಕಾರ್ಕಳ ಎಂದು ತಿರುಗಿದ್ದೇ ತಿರುಗಿದ್ದು. ಒಂದನೇ ಕ್ಲಾಸಿನಲ್ಲಿ ಕನ್ನಡ ಬಾರದೆ ನಾನೆಷ್ಟು ಅತ್ತಿದ್ದೆ ಎಂಬ ಕಥೆಯಿಂದ ಶುರುಮಾಡುತ್ತಿದ್ದೆ. ಅದಕ್ಕೆ ಚಪ್ಪಾಳೆ ಗ್ಯಾರಂಟಿ. ನಾನೂ ಎದೆಯ ಮೇಲೆ ಕೈಯಿಡಲು ಕಲಿತೆ. ‘ಮಗುವಿನ ಮನೆಯನ್ನು ತರಗತಿಗೆ ತನ್ನಿ’ ಎನ್ನುವಾಗ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಎರಡು ವರ್ಷದ ನಂತರ ಕಾರ್ಕಳದಲ್ಲಿ ನಲವತ್ತು ಜನ ಟೀಚರುಗಳೆದುರು ಆ ಕಾರ್ಡುಗಳ ಬಗ್ಗೆ ಹೇಳುತ್ತಿದ್ದೆ. ಹೊರ ಜಿಲ್ಲೆಯ ಹುಡುಗಿಯೊಬ್ಬಳ ನಿಜವಾದ ಮಟ್ಟವನ್ನು ಇವುಗಳಿಂದ ಕಂಡುಕೊಂಡು, ಅವಳಿಗೆ ನೋವಾಗದಂತೆ ಸರಿಯಾದ ಜಾಗದಲ್ಲಿ ಕೂರಿಸಿದೆವು ಎಂದೆ. ಎಲ್ಲರೂ ನಗಲಿ ಎಂದು ದೀಪಸ್ತಂಭವನ್ನು ಅವಳು ನೀರಿನ ಟಾಕಿ ಎಂದದ್ದನ್ನೂ ಸೇರಿಸಿದೆ. ಸಭೆ ನಕ್ಕಿತು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಳು ಮಾತ್ರ ನಗಲಿಲ್ಲ. ಕೆಲಸಕ್ಕೆ ಸೇರಿ ಹೆಚ್ಚು ವರ್ಷವಾಗಿರದ ಹುಡುಗಿಯಂಥ ಟೀಚರು. ಎದ್ದು ನಿಂತು, “ಮೇಡಂ, ಕಾಪುವಿನ ಶಾಲೆ ಅಲ್ವಾ? ಅವಳು ಈಗ ನಮ್ಮ ಶಾಲೆಯಲ್ಲಿದ್ದಾಳೆ. ಏಳನೇ ಕ್ಲಾಸು. ಟಾಕಿಯ ಕಥೆ ಅವಳೇ ಹೇಳಿದ್ದು ನನಗೆ” ಎಂದಳು.

ಏನಾದರೂ ಕೇಳಬೇಕಲ್ಲ ಎಂದು, “ಮಟ್ಟ ತಿಳಿಯಲು ನೀವು ಯಾವ ಕಾರ್ಡು ಬಳಸಿದಿರಿ?” ಎಂದು ಕೇಳಿದೆ.

“ಕಾರ್ಡು ಎಂತದೂ ಇಲ್ಲ ಮೇಡಂ. ಓದು ಅಂತ ಪುಸ್ತಕ ಕೊಟ್ಟೆ. ಓದಿದಳು.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಗೆ ಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಬುದ್ಧಿಗೇಡಿ ನಾನು, ಮೈಕಿನಲ್ಲೇ ಕೇಳಿದೆ: “ನಮ್ಮ ಶಾಲೆಯ ಬಗ್ಗೆ ಅವಳು ಏನಾದರೂ ಹೇಳ್ತಾಳಾ?”

“ಇಲ್ಲ ಮೇಡಂ, ಯಾರನ್ನೂ ದೂರುವುದಿಲ್ಲ ಅವಳು. ಅಲ್ಲಿನ ಕ್ಲಾಸ್ ಟೀಚರಿಗೆ ಗೊತ್ತಿತ್ತು ಅಂತ ಮಾತ್ರ ಯಾವಾಗಲೂ ಹೇಳ್ತಾಳೆ. ಎಂತ ಗೊತ್ತಿತ್ತು ಅಂತ ನಾನು ಕೇಳಿಲ್ಲ.” ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಆ ಕ್ಲಾಸ್ ಟೀಚರು ಯಾರೆಂದು ಅವಳಿಗೆ ತಿಳಿದೂ ಇರಲಿಲ್ಲ. “ಎಂತ ಇರಬಹುದು ಮೇಡಂ?” ಎಂದು ನನ್ನನ್ನೇ ಕೇಳಿದಳು.

ನಲವತ್ತು ಜನ ನನ್ನ ಮುಖ ನೋಡುತ್ತಿದ್ದರು. ಮೈಕು ಕೈಯಲ್ಲೇ ಇತ್ತು.

“ನೋಡುವ” ಎಂದೆ. “ಈಗ ಚಹಾ ಕುಡಿದು ಬನ್ನಿ.”