ಸೀಟಿ ಮಾಸ್ತರ ಮೊನೊಪಾಡ್

ನಮ್ಮ ವೆಂಕೋಬ ಮಾಸ್ತರು ಬದನೆಕಾಯಿ ಕೊಳ್ಳಲು ಹೋದರೂ ಮೊಳದುದ್ದ ಲೆನ್ಸಿನ ಕ್ಯಾಮೆರಾ ಹೊತ್ತೇ ಹೋಗುತ್ತಿದ್ದರು. ರಾಯಚೂರಿನ ತರಕಾರಿ ಮಾರ್ಕೆಟ್ಟಿನ ನಟ್ಟನಡುವೆ ಕರಿಯ ಕಂಬವೊಂದನ್ನು ನೆಲಕ್ಕೆ ಊರಿ, ಅದರ ತುದಿಗೆ ಕ್ಯಾಮೆರಾ ಕೂರಿಸಿ, ಒಂದು ಕಣ್ಣು ಮುಚ್ಚಿ ನಿಂತರೆಂದರೆ ತಳ್ಳುಗಾಡಿಯವರು ಸುತ್ತು ಹಾಕಿ ಹೋಗಬೇಕಾಗುತ್ತಿತ್ತು. ಆ ಲೆನ್ಸು ದೂರದ್ದನ್ನು ಹತ್ತಿರ ತರುವಂಥದ್ದು. ಹತ್ತಿರದ್ದು ಅದಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಬದನೆಕಾಯಿಯ ಫೋಟೊ ಬೇಕೆಂದರೆ ಮಾರುವವಳೇ ಹಿಂದೆ ಸರಿಯಬೇಕು. "ಇನ್ನಷ್ಟು ಹಿಂದಕ್ಕ ಸರಿಬೇ ಯವ್ವಾ, ಇನ್ನೊಂದೀಟು" ಎನ್ನುತ್ತ ಆಕೆಯನ್ನು ಬುಟ್ಟಿ ಸಮೇತ ಉಳ್ಳಾಗಡ್ಡಿ ಸಾಲು ದಾಟಿಸಿ, ಮೆಣಸಿನಕಾಯಿ ಸಾಲು ದಾಟಿಸಿ ಬಾಳೆಹಣ್ಣಿನ ಗಾಡಿಯ ತನಕ ನಡೆಸಿಬಿಡುತ್ತಿದ್ದರು. "ಯಪ್ಪಾ, ನೀವು ಫೋಟೊ ತಗಿಯಾಕತ್ತೀರೋ, ನನಗ ಊರು ಬಿಡಸಾಕತ್ತೀರೋ" ಎಂದು ಆಕೆ ಅಲ್ಲಿಂದ ಕೂಗುತ್ತಿದ್ದಳು.

ಮಾಸ್ತರೆಂದರೆ ಪಾಠದ ಮಾಸ್ತರಲ್ಲ, ಆಟದ ಮಾಸ್ತರು. ಮಾನ್ವಿಯ ವೈಷ್ಣವರ ಮನೆ. ಅಣ್ಣ ಗುಡಿಯಲ್ಲಿ ಪೂಜೆಗೆ ನಿಂತರು, ತಮ್ಮ ಕಾಲೇಜಿನಲ್ಲಿ ಸಂಸ್ಕೃತ ಹೇಳಿದರು. ನಡುವಿನ ಇವರು ಮಾತ್ರ ಕೊರಳಿಗೆ ಸೀಟಿ ಕಟ್ಟಿಕೊಂಡು ಬಿಸಿಲಿಗೆ ಇಳಿದರು. ಮೊದಲು ದೇವದುರ್ಗ, ಆಮೇಲೆ ಮಾನ್ವಿ, ಕೊನೆಗೆ ರಾಯಚೂರು. ಮೂರೂ ಕಡೆ ಸೀಟಿ ಮಾಸ್ತರ ಎಂದರೇ ಗುರುತು. ನಾನು ಖಾದರ್. ಅವರ ಕೈಯಲ್ಲಿ ಓಡಿ, ಬಿದ್ದು, ಬೈಸಿಕೊಂಡು ಬೆಳೆದವನು. ಈಗ ರಾಯಚೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದೇನೆ.

ಶಾಲೆಯಲ್ಲಿ ಅವರಿಗೆ ಆಗದೇ ಇದ್ದದ್ದು ಒಂದೇ, ಒರಗಿ ನಿಲ್ಲುವುದು. ಯಾವನಾದರೂ ಗೋಡೆಗೆ ಬೆನ್ನು ಹಚ್ಚಿದ್ದು ಕಂಡರೆ ಮೈದಾನದ ಆ ತುದಿಯಿಂದ ಸೀಟಿ ಬರುತ್ತಿತ್ತು, ಹಿಂದೆಯೇ ಮಾತು. "ಗ್ವಾಡಿ ಬೀಳಾಕತ್ತದೇನಲೇ, ಹಿಡಕೊಂಡು ನಿಂತಿದಿ?" ನಾವು ಗೋಡೆ, ಗಿಡ, ಕಂಬ ಎಲ್ಲದರಿಂದಲೂ ದೂರ ನಿಲ್ಲುವುದನ್ನು ಕಲಿತೆವು. ನನ್ನ ಬೆನ್ನು ಈಗಲೂ ಬಸ್ಸಿನ ಸೀಟಿಗೆ ಪೂರ್ತಿ ಒರಗಲು ಹೆದರುತ್ತದೆ.

ಇಂಥವರಿಗೆ ನಿವೃತ್ತಿಯಾದ ಮೇಲೆ ಬಲಗಾಲಿನ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಊರುಗೋಲು ಹಿಡಿಯಿರಿ ಎಂದರು. ಮಾಸ್ತರು ಡಾಕ್ಟರನ್ನೇ ಬಿಟ್ಟರು. ಅದೇ ವಾರ ಯಾವುದೋ ಅರ್ಜಿಗೆ ಫೋಟೊ ತೆಗೆಸಲು ನನ್ನ ಸ್ಟುಡಿಯೊಗೆ ಬಂದಾಗ ಮೂಲೆಯಲ್ಲಿ ನಿಂತಿದ್ದ ಮೊನೊಪಾಡ್ ಅವರ ಕಣ್ಣಿಗೆ ಬಿತ್ತು.

"ಏನಲೇ ಇದು, ಖಾದರ್ಯಾ?"

"ಮೊನೊಪಾಡ್ ಸರ್. ಒಂಟಿಗಾಲಿನ ಸ್ಟ್ಯಾಂಡು. ಭಾರ ಲೆನ್ಸ್ ಹಾಕಿದಾಗ ಕೈ ನಡುಗಬಾರದಂತ ಕ್ಯಾಮೆರಾದ ಕೆಳಗ ಇಡತೀವಿ."

ಮಾಸ್ತರು ಅದನ್ನು ಎತ್ತಿ ನೋಡಿದರು. ಬುಡಕ್ಕೆ ರಬ್ಬರು, ಮೇಲೆ ಕೈಗೆ ಹಾಕಿಕೊಳ್ಳಲು ಪಟ್ಟಿ, ಬೇಕಾದಷ್ಟು ಉದ್ದ ಮಾಡಿಕೊಳ್ಳಲು ನಡುವೆ ಕೀಲು. ಸೊಂಟದ ಎತ್ತರಕ್ಕೆ ಇಳಿಸಿ, ನೆಲಕ್ಕೆ ಎರಡು ಸಲ ಕುಟ್ಟಿ, ಸ್ಟುಡಿಯೊದ ಈ ಗೋಡೆಯಿಂದ ಆ ಗೋಡೆಗೆ ನಡೆದರು. ವಾಪಸ್ ಬರುವಾಗ ಮುಖದಲ್ಲಿ ಮದುಮಗನ ಕಳೆ ಇತ್ತು.

"ಸರ್, ಇದು ಮನುಷ್ಯರ ಭಾರಕ್ಕ ಮಾಡಿದ್ದಲ್ಲರಿ" ಎಂದೆ.

"ಮನುಷ್ಯರ ಭಾರ ಯಾರು ಹಾಕಾಕತ್ತಾರ? ಕಟ್ಟಿಕೊಡು" ಎಂದರು. ಅವತ್ತು ಅವರ ಹತ್ತಿರ ಕ್ಯಾಮೆರಾ ಇರಲಿಲ್ಲ.

ಒಂದು ವಾರ ಬಜಾರಿನಲ್ಲಿ ಮಜವಾಗಿ ಓಡಾಡಿದರು. ಯಾರಾದರೂ "ಇದೇನ್ರಿ ಮಾಸ್ತರ, ಬಡಿಗಿ ಹಿಡದೀರಿ" ಎಂದರೆ "ಬಡಿಗಿ ಅಲ್ಲೋ, ಮೊನೊಪಾಡು. ಕ್ಯಾಮೆರಾದ್ದು" ಎಂದು ತಿದ್ದುತ್ತಿದ್ದರು. ಆದರೆ ಯಾರೋ ತಲೆಹರಟೆ "ಕ್ಯಾಮೆರಾ ಎಲ್ಲದರಿ?" ಎಂದು ಕೇಳಿಬಿಟ್ಟ. ಸಂಜೆಯೇ ಬಂದು ನನ್ನಿಂದ ಒಂದು ಸಣ್ಣ ಕ್ಯಾಮೆರಾ ಒಯ್ದರು. ಅದೂ ನಾಲ್ಕು ದಿನದ ನೆಮ್ಮದಿ. ಫೋಟೊಗ್ರಫಿ ತಿಳಿದ ಕಾಲೇಜು ಹುಡುಗನೊಬ್ಬ, ಸರ್, ಇಷ್ಟು ಹಗುರ ಕ್ಯಾಮೆರಾಕ್ಕೆ ಸ್ಟ್ಯಾಂಡೇ ಬೇಡ, ಕೈಯಲ್ಲೇ ಹಿಡಿಯಬಹುದು ಎಂದು ಉಪಕಾರ ಮಾಡಿದ. ಮಾಸ್ತರು ಸ್ಟುಡಿಯೊದ ಬಾಗಿಲಲ್ಲೇ ನಿಂತು ಹೇಳಿದರು, "ಈ ಕಂಬ ಇಲ್ದಿದ್ರ ಎತ್ತಾಕೇ ಬರಬಾರದು, ಅಂಥಾ ಭಾರ ಲೆನ್ಸ್ ತರಸು."

ಹೈದರಾಬಾದಿನಿಂದ ಹಳೆಯ ಲೆನ್ಸೊಂದನ್ನು ತರಿಸಿಕೊಟ್ಟೆ. ತಬಲಾ ಇದ್ದ ಹಾಗಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡ ಮೇಲೆ ಮಾಸ್ತರಿಗೆ ಮೊಣಕಾಲಿನ ಜೊತೆ ಹೆಗಲೂ ನೋಯತೊಡಗಿತು. ಆದರೆ ಮರ್ಯಾದೆ ಉಳಿಯಿತು. ಊರಿನಲ್ಲಿ ಯಾರು ಕೇಳಿದರೂ ಈಗ ಉತ್ತರ ಸಿದ್ಧವಿತ್ತು.

ಇಷ್ಟಕ್ಕೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸುಳ್ಳಿಗೆಂದು ತಂದ ಕ್ಯಾಮೆರಾದ ಹುಚ್ಚು ಮನುಷ್ಯನಿಗೆ ನಿಜವಾಗಿಯೇ ಹಿಡಿಯಿತು. ಮೊದಲ ದಿನ ಮೊನೊಪಾಡನ್ನು ಕ್ಯಾಮೆರಾದ ಹೊಟ್ಟೆಗೆ ತಿರುಗಿಸಿ ಕೂರಿಸಿದರು. ಲೆನ್ಸು ಮುಗ್ಗರಿಸಿ ಕೆಳಗೆ ನೋಡಿತು. ಭಾರ ಇರುವುದು ಲೆನ್ಸಿನಲ್ಲಿ, ಅದಕ್ಕೇ ಕಾಲು ಕಟ್ಟಬೇಕು ಸರ್ ಎಂದು ತೋರಿಸಿಕೊಟ್ಟೆ. ಕಂಬದ್ದು ಒಂದು ಕಾಲು, ನಮ್ಮವು ಎರಡು, ಮೂರೂ ಸೇರಿದರೆ ಅಲುಗುವುದಿಲ್ಲ. ಮೊಣಕೈ ಪಕ್ಕೆಗೆ ಅಂಟಿರಬೇಕು. ಉಸಿರು ಅರ್ಧ ಬಿಟ್ಟು ಬಟನ್ ಒತ್ತಬೇಕು. ಹೇಳಿದ್ದಿಷ್ಟೇ. ಮಾರನೆಯ ದಿನಕ್ಕೆ ಅವರು ಅದನ್ನು ಡ್ರಿಲ್ ಮಾಡಿಟ್ಟಿದ್ದರು. "ಸಾವಧಾನ್. ಕಾಲು ಅಗಲ. ಮಣಕೈ ಒಳಗ. ಉಸರು ಬಿಡು. ಒತ್ತು." ತಮಗೆ ತಾವೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. "ಉಸರು ಬಿಡು" ಎನ್ನುವಷ್ಟರಲ್ಲಿ ಹಕ್ಕಿಗಳು ಹಾರಿಹೋಗುತ್ತಿದ್ದವು.

ಬಲಗಾಲು ಮಾತ್ರ ಡ್ರಿಲ್ಲಿಗೆ ಬಗ್ಗಲಿಲ್ಲ. ಕಣ್ಣಿನ ಎತ್ತರಕ್ಕೆ ಕಂಬ ಏರಿಸಿದ ಮೇಲೆ ಅದರ ಮೇಲೆ ಮೈಭಾರ ಹಾಕುವ ಹಾಗಿಲ್ಲ, ಚಿತ್ರ ಅಲುಗುತ್ತದೆ. ಆಗ ನನ್ನನ್ನು ಕರೆಯುತ್ತಿದ್ದರು. "ಖಾದರ್ಯಾ, ಗಾಳಿ ಭಾಳ ಅದ, ನನ್ನ ಹಿಂದ ಬಂದು ನಿಂದ್ರು." ಎಲೆ ಅಲುಗದ ರಾಯಚೂರಿನ ಮಧ್ಯಾಹ್ನ ಅದು. ನಾನು ಅವರ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ಗೋಡೆಗೆ ಒರಗಬೇಡ ಎಂದವರ ಗೋಡೆ ನಾನೇ ಆಗಿದ್ದೆ, ಮತ್ತು ಅದರಲ್ಲಿ ನನಗೆ ಹೇಳಲಾರದಷ್ಟು ಖುಷಿ ಇತ್ತು.

ನನ್ನ ತಂಗಿಯ ಮದುವೆಗೆ ಮಾಸ್ತರು ತಾವೇ ಫೋಟೊ ತೆಗೆಯುತ್ತೇನೆಂದು ಹಟ ಹಿಡಿದರು. ಶಾದಿಮಹಲಿನೊಳಗೆ ಆ ಲೆನ್ಸಿಗೆ ಮದುಮಗನ ಮೂಗು ಬಿಟ್ಟು ಬೇರೆ ಏನೂ ಹಿಡಿಸಲಿಲ್ಲ. ಹಿಂದೆ ಸರಿದು ಸರಿದು ಬಾಗಿಲು ದಾಟಿ, ಮೆಟ್ಟಿಲಿಳಿದು, ರಸ್ತೆಯ ಆಚೆ ಪಂಕ್ಚರ್ ಅಂಗಡಿಯ ಮುಂದೆ ಕಂಬ ಊರಿದರು. ಮದುವೆಯ ಮಂದಿಯನ್ನೆಲ್ಲ ಬಾಗಿಲಿಗೆ ತಂದು ನಿಲ್ಲಿಸಿದೆವು. ಬಟನ್ ಒತ್ತುವ ಹೊತ್ತಿಗೆ ಸರಿಯಾಗಿ ಮಾನ್ವಿ ಬಸ್ಸು ನಡುವೆ ಬಂತು. ಆ ಫೋಟೊದಲ್ಲಿ ಕಿಟಕಿಯಿಂದ ಇಣುಕುತ್ತಿರುವ ಯಾರೋ ಅಜ್ಜಿಯ ಮುಖ ಕನ್ನಡಿಯಷ್ಟು ಸ್ಪಷ್ಟವಾಗಿದೆ. ನಮ್ಮಮ್ಮ ಅದನ್ನೂ ಆಲ್ಬಮ್ಮಿಗೆ ಹಾಕಿಸಿದಳು. ಸಂಬಂಧಿಕರು ಈ ಅಜ್ಜಿ ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಇವತ್ತಿಗೂ ಕೇಳುತ್ತಾರೆ.

ಜಾಲಹಳ್ಳಿ ಹತ್ತಿರ ಆದದ್ದು ಇದಕ್ಕಿಂತ ಹೆಚ್ಚಿನದು. ದೇವದುರ್ಗದ ಕಡೆ ಹೊರಟವರು ಹೊಲದ ಬದುವಿನಲ್ಲಿ ಕೊಕ್ಕರೆಗಳನ್ನು ಕಂಡು ಕಾರು ನಿಲ್ಲಿಸಿದೆವು. ಮಾಸ್ತರು ಕಂಬ ನಿಲ್ಲಿಸಿ, ಕಣ್ಣು ಹಚ್ಚಿ, ಕೈಯಿಂದ ನನಗೆ ಎಡಕ್ಕೆ ಹೋಗು ಬಲಕ್ಕೆ ಹೋಗು ಎಂದು ಸನ್ನೆ ಮಾಡುತ್ತಿದ್ದರು. ನೋಡನೋಡುತ್ತ ಊರಿನ ಹತ್ತು ಮಂದಿ ಸೇರಿದರು. ರಸ್ತೆಯ ಸರ್ವೆ ಎಂದೇ ಅವರು ತಿಳಿದದ್ದು.

"ಸಾಹೇಬ್ರ, ರೋಡು ಎಲ್ಲಿಂದ ಹೊಂಟದರಿ?" ಎಂದು ಹಿರಿಯನೊಬ್ಬ ಕೇಳಿದ.

ಮಾಸ್ತರು ಕಣ್ಣು ತೆಗೆಯದೆ, ಕೊಕ್ಕರೆಯ ಗುಂಗಿನಲ್ಲೇ, "ಸದ್ಯ ಆ ಬದುವಿನ ಮ್ಯಾಲದ. ಎದ್ರ ಆ ಕಡಿ ಹೊಲಕ್ಕ ಹೋಗ್ತದ" ಎಂದರು.

ಅಷ್ಟು ಸಾಕಾಯಿತು. ಆ ಕಡೆಯ ಹೊಲದವನು ನಮ್ಮ ಹೊಲ ಯಾಕೆ ಎಂದ. ಈ ಕಡೆಯವನು ನಮ್ಮದರಲ್ಲೇ ಬರಲಿ, ಅಂಗಡಿ ಹಾಕುತ್ತೇನೆ ಎಂದ. ಇಬ್ಬರೂ ಅಣ್ಣತಮ್ಮಂದಿರು. ಮಾತು ಅಜ್ಜನ ಕಾಲದ ಬದುವಿನವರೆಗೆ ಹೋಯಿತು. ನಮಗೆ ಚಹಾ ಬಂತು, ಹಿಂದೆಯೇ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ. ಗದ್ದಲಕ್ಕೆ ಕೊಕ್ಕರೆಗಳು ಎದ್ದವು. ಅವು ಆ ಕಡೆಯ ಹೊಲಕ್ಕೇ ಹೋಗಿ ಇಳಿದವು. "ನಾ ಹೇಳ್ಲಿಲ್ಲೇನು?" ಎಂದು ಮಾಸ್ತರು ತಲೆ ಎತ್ತಿದಾಗ ಗುಂಪಿನಲ್ಲಿದ್ದ ಒಬ್ಬ ಅವರ ಮುಖ ನೋಡಿ ತಟ್ಟನೆ ನೆಟ್ಟಗೆ ನಿಂತ. "ಏ, ಸರ್ವೇದವ್ರಲ್ಲೋ, ನಮ್ಮ ಸೀಟಿ ಮಾಸ್ತರ್ರು" ಎಂದ. ಆಮೇಲೆ ಗ್ರೂಪ್ ಫೋಟೊ ಆಗಬೇಕೆಂದರು. ಎಲ್ಲರೂ ಫ್ರೇಮಿಗೆ ಹಿಡಿಸಬೇಕಾದರೆ ಊರಿನವರು ಎರಡು ಹೊಲ ದಾಟಿ ನಿಲ್ಲಬೇಕು. ನಿಂತರು. ಇಲ್ಲಿನ ಮಾತು ಅಲ್ಲಿಗೆ ಕೇಳದೆ ಮಾಸ್ತರು ಸೀಟಿ ಊದಿದರು. ಜಗಳವಾಡಿದ ಅಣ್ಣತಮ್ಮಂದಿರು ಭುಜಕ್ಕೆ ಭುಜ ತಾಗಿಸಿ ಸಾವಧಾನ್ ಆದರು.

ಇನ್ನು ಮಾನ್ವಿಯ ಕ್ರೀಡಾಕೂಟದ ಮಾತು. ಶಾಲಾ ಮಕ್ಕಳ ಓಟ, ಮೈದಾನದ ತುಂಬ ಮಂದಿ, ಅದರಲ್ಲಿ ಅರ್ಧ ಮಂದಿ ಮಾಸ್ತರ ಹಳೆಯ ಶಿಷ್ಯರು. ಮಾಸ್ತರು ಗುರಿಗೆರೆಯ ನೇರಕ್ಕೆ, ಲೆನ್ಸಿಗೆ ಬೇಕಾದಷ್ಟು ದೂರ ಸರಿದು ಕಂಬ ಊರಿದರು. ಗಾಳಿ ಬಹಳ ಇದೆ ಎಂದರು, ನಾನು ಬೆನ್ನು ಕೊಟ್ಟೆ. ಹುಡುಗಿಯರ ನೂರು ಮೀಟರಿನಲ್ಲಿ ಮಲ್ಲಟದ ಹುಡುಗಿ, ಬಾಗಲವಾಡದ ಹುಡುಗಿ ಒಟ್ಟೊಟ್ಟಿಗೆ ಗೆರೆ ದಾಟಿದರು. ಯಾರು ಮೊದಲು ಎಂಬುದಕ್ಕೆ ಎರಡು ಶಾಲೆಯ ಮಾಸ್ತರುಗಳು ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದರು. ಅಷ್ಟರಲ್ಲಿ ಯಾರೋ ಸೀಟಿ ಮಾಸ್ತರು ಫೋಟೊ ಹೊಡೆದಿದ್ದಾರೆ ಎಂದು ಕೂಗಿದರು. ಉಮೇದಿನ ಯುವ ಶಿಕ್ಷಕನೊಬ್ಬ ಓಡಿಬಂದು, ಬಿಚ್ಚುವುದು ಹೇಗೆಂದು ತಿಳಿಯದೆ, ಕ್ಯಾಮೆರಾ ಲೆನ್ಸು ಕಂಬ ಎಲ್ಲವನ್ನೂ ಸೇರಿಸಿ ಬಾವುಟದಂತೆ ಎತ್ತಿಕೊಂಡು ವೇದಿಕೆಗೆ ಓಡಿದ. ಇನ್ನೊಬ್ಬ ಜೂಮ್ ಮಾಡಿ ತೋರಿಸಲು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದ.

ವೇದಿಕೆ ಹತ್ತಿ ತಿರುಗಿ ನೋಡಿದರೆ ಅಷ್ಟು ದೊಡ್ಡ ಮೈದಾನದಲ್ಲಿ ಮಾಸ್ತರು ಒಬ್ಬರೇ ನಿಂತಿದ್ದಾರೆ. ಹಿಡಿಯಲು ಕಂಬವಿಲ್ಲ, ಒರಗಲು ನಾನಿಲ್ಲ. ಮೈಕಿನಲ್ಲಿ ಹೆಡ್ಮಾಸ್ತರು, ಅವರೂ ಶಿಷ್ಯರೇ, "ಗುರುಗಳು ವೇದಿಕೆಗೆ ಬರಬೇಕು" ಎಂದು ಕರೆದರು. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಮಾಸ್ತರು ಒಂದು ಹೆಜ್ಜೆ ಇಟ್ಟರೂ ಇಷ್ಟು ವರ್ಷದ ನಾಟಕ ಎಲ್ಲರ ಕಣ್ಣೆದುರು ಬಿದ್ದುಹೋಗುತ್ತಿತ್ತು.

ಮಾಸ್ತರು ಸೀಟಿ ಊದಿದರು. ಚಪ್ಪಾಳೆ ನಿಂತಿತು.

"ಗೆರಿ ಇಲ್ಲೇ ಅದ, ಓಡಿದ್ದು ಇಲ್ಲೇ, ತೀರ್ಪು ಇಲ್ಲೇ ಆಗಬೇಕು. ಎಲ್ಲಾರೂ ಕೆಳಗ ಇಳದು ಬರ್ರಿ."

ಇಳಿದು ಬಂದರು ಸ್ವಾಮಿ. ಹಾರ ಹಾಕಿಕೊಂಡ ಅತಿಥಿಗಳು ಬಿಸಿಲಿಗೆ ಇಳಿದರು. ಬಹುಮಾನದ ಮೇಜನ್ನು ಹುಡುಗರು ಕಪ್ಪುಗಳ ಸಮೇತ ಹೊತ್ತು ತಂದರು. ಮೈಕಿನ ವೈರು ಅರ್ಧ ದಾರಿಗೇ ಮುಗಿದದ್ದರಿಂದ ಹೆಡ್ಮಾಸ್ತರು ಅದನ್ನು ಅಲ್ಲೇ ಬಿಟ್ಟು, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ಬಂದರು. "ಸರ್, ಇದು ಗಾಳಿಗೆ ಹಾರತದ, ನೀವು ಒಂದೀಟು ಮ್ಯಾಲ ಕುಂದರ್ರಿ" ಎಂದರು. ಮಾಸ್ತರು ಕುರ್ಚಿಗೆ ಉಪಕಾರ ಮಾಡುವವರಂತೆ ಕೂತರು. ಫೋಟೊದಲ್ಲಿ ಮಲ್ಲಟದ ಹುಡುಗಿಯ ಎದೆ ಗೆರೆಗೆ ಮೊದಲು ತಲುಪಿತ್ತು. ಇಬ್ಬರ ಹಣೆಯ ಬೆವರ ಹನಿಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಅವರು ಜೀವಮಾನದಲ್ಲಿ ತೆಗೆದ ಎಲ್ಲಕ್ಕಿಂತ ಒಳ್ಳೆಯ ಫೋಟೊ ಅದು.

ವಾಪಸ್ ಬರುವಾಗ ಕಾರಿನಲ್ಲಿ ಮಾಸ್ತರು ಕಿಟಕಿಯ ಕಡೆ ಮುಖ ಮಾಡಿ ಕೇಳಿದರು, "ಖಾದರ್ಯಾ, ಕಂಬ ಒಯ್ದಾಗ ನನಗ ಜೀವಾನ ಹೋದಂಗಾತು. ಯಾರಿಗರ ಗೊತ್ತಾತೇನು?" ಮೊಣಕಾಲಿನ ವಿಷಯ ನಮ್ಮ ನಡುವೆ ಬಾಯಿಬಿಟ್ಟು ಬಂದದ್ದು ಅದೊಂದೇ ಸಲ.

"ಇಲ್ಲ ಸರ್. ಯಾರಿಗೂ ಗೊತ್ತಾಗಿಲ್ಲ" ಎಂದೆ. ನಾನೂ ಹಾಗೆಯೇ ನಂಬಿದ್ದೆ. ಮಾಸ್ತರು ಎಷ್ಟು ಹಗುರಾದರೆಂದರೆ ದಾರಿಯಲ್ಲಿ ಕಾರು ನಿಲ್ಲಿಸಿ ಎಮ್ಮೆಗಳ ಫೋಟೊ ತೆಗೆದರು. ಎಮ್ಮೆಗಳನ್ನೂ ಹಿಂದಕ್ಕೆ ಸರಿಯಿರಿ ಎಂದರು.

ಮುಂದಿನ ಬೇಸಿಗೆಯಲ್ಲಿ ಮಾಸ್ತರು ಹೋದರು. ಮೊಣಕಾಲಿಗೂ ಅದಕ್ಕೂ ಸಂಬಂಧವಿಲ್ಲ. ನಿದ್ದೆಯಲ್ಲಿ ಎದೆ ನಿಂತಿತಂತೆ. ಶಿಷ್ಯರು ಸೇರಿ ಶ್ರದ್ಧಾಂಜಲಿಯ ಬ್ಯಾನರ್ ಮಾಡಿಸಬೇಕೆಂದರು. ಸದಾ ಕ್ಯಾಮೆರಾದ ಹಿಂದೆಯೇ ಇದ್ದವರ ಫೋಟೊ, ಅರ್ಜಿಗೆಂದು ತೆಗೆದ ಆ ಚಿಕ್ಕದೊಂದು ಬಿಟ್ಟರೆ, ನನ್ನ ಹತ್ತಿರ ಒಂದೂ ಇರಲಿಲ್ಲ. ಇದ್ದವರು ಕಳಿಸಿ ಎಂದು ವಾಟ್ಸಾಪಿನಲ್ಲಿ ಕೇಳಿದೆ. ಮೂರೂ ಊರುಗಳಿಂದ ರಾಶಿ ಬಂತು. ಒಂದೊಂದಾಗಿ ತೆರೆಯುತ್ತ ಹೋದೆ. ಚಹಾದಂಗಡಿಯಲ್ಲಿ, ಮದುವೆಗಳಲ್ಲಿ, ಮೈದಾನದಲ್ಲಿ ನಗುತ್ತಿರುವ ಮಾಸ್ತರು. ಒಂದೆರಡು ಬಿಟ್ಟು ಎಲ್ಲದರಲ್ಲೂ ಸೊಂಟದಿಂದ ಮೇಲೆ ಮಾತ್ರ. ಪೂರ್ತಿ ಆಳು ಕಾಣುವ ಆ ಒಂದೆರಡರಲ್ಲಿ ಕಂಬ ಹಿಡಿದ ಅವರ ಬಲಗೈ ಮುಂದೆ ಯಾರಾದರೂ ಅಡ್ಡ ನಿಂತಿದ್ದರು. ಕುರ್ಚಿ ತಂದ ಹೆಡ್ಮಾಸ್ತರು ಆಗ ನೆನಪಾದರು.

ಅಷ್ಟರಲ್ಲಿ ದೇವದುರ್ಗದಿಂದ ಬಸ್ ಕಂಡಕ್ಟರ್ ಒಬ್ಬ ಡ್ಯೂಟಿ ಬಟ್ಟೆಯಲ್ಲೇ ಸ್ಟುಡಿಯೊಗೆ ಬಂದ. ನಾನು ಅವನನ್ನು ಹಿಂದೆ ಕಂಡವನಲ್ಲ. ತನ್ನ ಹತ್ತಿರವೂ ಮಾಸ್ತರದ್ದು ಒಂದು ಫೋಟೊ ಇದೆ ಎಂದು ಮೊಬೈಲು ಮುಂದೆ ಹಿಡಿದ. ಬಸ್‌ಸ್ಟ್ಯಾಂಡಿನಲ್ಲಿ ಮಾಸ್ತರು ಬಲಗೈಯಲ್ಲಿ ಕಂಬ ಊರಿ ನೆಟ್ಟಗೆ ನಿಂತ, ನಿಚ್ಚಳವಾದ, ಪೂರ್ತಿ ಚಿತ್ರ. ಬಹಳ ಚೆನ್ನಾಗಿದೆ, ಇದನ್ನೇ ಹಾಕೋಣ ಎಂದು ನಾನು ಕೈ ಚಾಚುವ ಮೊದಲೇ ಅವನು ಚಿತ್ರದ ಕೆಳಗಿನ ಅರ್ಧದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿದ.

"ಇಲ್ಲಿತನಾ ಅಷ್ಟ ತಗೋರಿ. ಕೆಳಗಿಂದು ಸರ್‌ಗೆ ಸೇರಾಂಗಿಲ್ಲ."