ಧಾಟಿ: ಹಳೆಯ ಚಿತ್ರ

ಲೋಲಾಕ್ಷಿಯಷ್ಟು ಹೆದರುವ ಹೆಂಗಸನ್ನು ನಾನು ಡೊಂಬಿವಲಿಯಲ್ಲಿ ಬೇರೆ ಕಂಡಿಲ್ಲ. ಬಾಗಿಲಿಗೆ ಬೀಗ ಹಾಕಿ ಒಂದು ಮಾಳಿಗೆ ಇಳಿದವಳು ಮತ್ತೆ ಹತ್ತಿ ಹೋಗಿ ಬೀಗ ಜಗ್ಗಿ ನೋಡುತ್ತಾಳೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಊರಲ್ಲಿ ಯಾರೋ ಹೋದರು ಎಂದೇ ತೀರ್ಮಾನ. ಆಫೀಸಿನಲ್ಲಿ ಸಾಹೇಬರು ಬರಿದೇ ಹೆಸರು ಹಿಡಿದು ಕರೆದರೂ ಅವಳ ಕೈಕಾಲು ತಣ್ಣಗಾಗುತ್ತವೆ. ಇಂಥವಳು ಒಂದು ಸುಳ್ಳು ಹೇಳಿ, ಅದನ್ನು ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಲೋಕಲ್ ಟ್ರೇನಿನಲ್ಲಿ ಓಡಾಡಿದಳು ಎಂದರೆ ಯಾರೂ ನಂಬಲಿಕ್ಕಿಲ್ಲ. ನನಗೆ ಗೊತ್ತು, ಏಕೆಂದರೆ ಆಗೆಲ್ಲ ನಾನು ಅವಳ ಪಕ್ಕದಲ್ಲೇ ಇದ್ದೆ.

ನಮ್ಮಿಬ್ಬರದೂ ಉಡುಪಿ ಕಡೆ. ಅವಳ ಗಂಡ ಶೇಖರ ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ ಹತ್ತಿರದ ಹೋಟೆಲೊಂದರ ಮ್ಯಾನೇಜರು. ಅವಳು ಮುಂಬಯಿಯ ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ನಾನು, ದಮಯಂತಿ, ಎದುರಿನ ಕಟ್ಟಡದಲ್ಲಿ ಗುಮಾಸ್ತೆ. ಬೆಳಿಗ್ಗೆ ಎಂಟೂಕಾಲರ ಫಾಸ್ಟ್ ಲೋಕಲ್, ಹೆಂಗಸರ ಬೋಗಿ. ಮೊದಲೇ ಕಲ್ಯಾಣ ಸ್ಟೇಷನ್ನಿನಲ್ಲಿ ಹತ್ತಿದವರು ಸೀಟಿನ ಮೇಲೆ ಪರ್ಸು ಇಟ್ಟು ನಮಗೆ ಜಾಗ ಹಿಡಿದಿರುತ್ತಿದ್ದರು. ಡೊಂಬಿವಲಿ ಬಿಟ್ಟ ಕೂಡಲೇ ನಮ್ಮ ಭಜನೆ ಸುರು. ಹತ್ತು ಹನ್ನೆರಡು ಮಂದಿ, ಎರಡು ಜೊತೆ ತಾಳ, ಒಂದು ದಪ್ಪ ಪುಸ್ತಕ. ಭಜನೆಗೆ ಮಾತು ನಮ್ಮದು, ಧಾಟಿ ಸಿನಿಮಾದ್ದು. ಮುಂಬಯಿಯ ಟ್ರೇನುಗಳಲ್ಲಿ ಎಲ್ಲ ಮಂಡಳಿಗಳೂ ಮಾಡುವುದು ಅದನ್ನೇ; ನಾಚಿಕೆಪಡುವಂಥದ್ದೇನಿಲ್ಲ. ಹೊಸಬರೂ ಸೇರಿ ಹಾಡಬೇಕಲ್ಲ? ಹಾಗಾಗಿ ಪುಸ್ತಕದಲ್ಲಿ ಪ್ರತಿ ಹಾಡಿನ ತಲೆಯ ಮೇಲೆ ‘ಧಾಟಿ’ ಎಂದು ಬರೆದು, ಮುಂದೆ ಯಾವ ಚಿತ್ರದ ಯಾವ ಹಾಡು ಎಂದು ನಮೂದಿಸಬೇಕು. ಆ ಸಾಲು ಖಾಲಿ ಇದ್ದ ಹಾಡು ಇಡೀ ಪುಸ್ತಕದಲ್ಲಿ ಒಂದೂ ಇರಲಿಲ್ಲ.

ಪುಸ್ತಕ ಪಂಕಜಕ್ಕನ ವಶದಲ್ಲಿತ್ತು. ಮೈಸೂರಿನವರು, ಬ್ಯಾಂಕ್ ಅಧಿಕಾರಿ, ಎಂಟು ವರ್ಷ ಸಂಗೀತ ಕಲಿತವರು. ಒಳ್ಳೆಯವರೇ, ಆದರೆ ಹಾಡಿನ ವಿಷಯಕ್ಕೆ ಬಂದರೆ ನ್ಯಾಯಾಧೀಶರು. ನಮ್ಮಲ್ಲಿ ಯಾರಾದರೂ ಹೊಸ ಚಿತ್ರದ ಧಾಟಿ ತಂದರೆ ಅವರ ಮೂಗು ತಾನಾಗಿ ಸೊಟ್ಟಗಾಗುತ್ತಿತ್ತು.

“ಈಗಿನ ಹಾಡು ಹಾಡೇನ್ರೀ? ಗಣಪತೀಲಿ ಬಂದಿದ್ದು ದೀಪಾವಳೀಗೆ ಮರೆತೋಗುತ್ತೆ. ಆ ಕಾಲದೋರು ತಪಸ್ಸು ಮಾಡ್ತಿದ್ರು. ಅವರ ಥರದೋರು ಇನ್ನು ಹುಟ್ಟಲ್ಲ, ಬರೆದಿಟ್ಕೊಳ್ಳಿ.”

ನನಗೆ ಈ ಮಾತು ಕೇಳಿ ಕೇಳಿ ಸಿಟ್ಟು ಬರುತ್ತಿತ್ತು. ಹುಟ್ಟುವುದಿಲ್ಲ ಎಂದು ಇವರಿಗೆ ಯಾರು ಚೀಟಿ ಕಳಿಸಿದ್ದಾರೆ? ಒಮ್ಮೆ ಕೇಳಿಯೇ ಬಿಟ್ಟೆ. ಅವರು ನಕ್ಕು, “ಹತ್ತು ವರ್ಷ ಆದ್ಮೇಲೂ ಈ ಡಬ್ಬಾದಲ್ಲಿ ಹಾಡೋ ಅಂಥ ಒಂದು ಹೊಸ ಧಾಟಿ ತೋರ್ಸಿ, ದಮಯಂತಿ. ಸೋತೆ ಅಂತೀನಿ” ಎಂದರು. ಲೋಲಾಕ್ಷಿ ತಲೆತಗ್ಗಿಸಿ ತಾಳ ಒರೆಸುತ್ತಿದ್ದಳು. ಅವಳಿಗೆ ಪಂಕಜಕ್ಕ ಎಂದರೆ ಭಕ್ತಿ, ಅದಕ್ಕಿಂತ ಹೆಚ್ಚು ಭಯ.

ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲ. ಪಂಕಜಕ್ಕ ಆ ದಿನ ರಜೆ. ಠಾಣೆಗೆ ಮೊದಲು ಸಿಗುವ ಪಾರ್ಸಿಕ್ ಸುರಂಗದ ನಡುವೆ ಗಾಡಿ ನಿಂತುಬಿಟ್ಟಿತು. ದೀಪ ಆರಿತು, ಫ್ಯಾನು ನಿಂತಿತು. ಎಲ್ಲಿಂದಲೋ ಸುಟ್ಟ ವಾಸನೆ. ಯಾರೋ “ಆಗ್ ಲಗೀ” ಎಂದು ಕೂಗಿದರು, ಅಷ್ಟೇ ಸಾಕಾಯಿತು. ಒಬ್ಬರ ಮೇಲೊಬ್ಬರು ಬಾಗಿಲಿನತ್ತ ನುಗ್ಗಿದರು. ಹಾರಿದರೆ ಪಕ್ಕದ ಹಳಿ, ಕೆಳಗೆ ನೀರು. ನನಗೆ ಉಸಿರು ಕಟ್ಟಿ, ಇವತ್ತಿಗೆ ಮುಗಿಯಿತು ಎಂದೇ ಅನ್ನಿಸಿತು. ಲೋಲಾಕ್ಷಿ ನನ್ನ ಭುಜಕ್ಕೆ ಮುಖ ಒತ್ತಿ ನಡುಗುತ್ತಿದ್ದಳು. ಆಮೇಲೆ ಅವಳ ಗಂಟಲಿನಿಂದ ಏನೋ ಹೊರಟಿತು. ಮೊದಲು ಅಳು ಎಂದುಕೊಂಡೆ. ಅಳುವಲ್ಲ, ರಾಗ. ಮಾತಿಲ್ಲದೆ ಮೇಲೆ ಹತ್ತುತ್ತಾ ಹೋಗಿ, ಒಂದು ಕಡೆ ನಿಂತು, ಉಸಿರು ಮುಗಿಯುವವರೆಗೆ ಇಳಿಯಲು ಒಪ್ಪದ ಸ್ವರ. ಆ ಗದ್ದಲದಲ್ಲಿ ಕೇಳಿಸಿದ್ದು ನನ್ನೊಬ್ಬಳಿಗೇ. ಹೆದರಿಕೆಗೆ ಇಷ್ಟು ಚಂದದ ದನಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾಲು ಗಂಟೆಯಲ್ಲಿ ಗಾಡಿ ಹೊರಟಿತು. ಬೆಂಕಿ ಇರಲೇ ಇಲ್ಲ.

ವಾರ ಕಳೆದು ಆ ರಾಗಕ್ಕೆ ದೇವಿಯ ಮೇಲೆ ಮಾತು ಕೂರಿಸಿ ತಂದಳು. ‘ಕತ್ತಲಲಿ ಕೈಬಿಡದ ತಾಯೆ’ ಎಂದು ಸುರು. ಪಂಕಜಕ್ಕ ಪುಸ್ತಕ ತೆರೆದು, ಪೆನ್ನು ಹಿಡಿದು ಕೇಳಿದರು: “ಧಾಟಿ ಯಾವ್ದಮ್ಮ?”

ನಾನು ಅವಳ ಮುಖ ನೋಡಿದೆ. ನನ್ನದು ಎಂದು ಹೇಳು ಮಾರಾಯ್ತಿ, ನಾಲಿಗೆ ಬಿದ್ದು ಹೋಗುವುದಿಲ್ಲ. ಟೈಪಿಸ್ಟ್ ಲೋಲಾಕ್ಷಿಯ ಧಾಟಿ ಎಂದರೆ ಹನ್ನೆರಡು ಮಂದಿ ನಗಲಿಕ್ಕಿಲ್ಲವೇ? ಅದೇ ಅವಳ ಹೆದರಿಕೆ.

“ಹಳೇ ಪಿಕ್ಚರಿದ್ದು ಅಕ್ಕ. ಹೆಸರು ನೆನಪಿಲ್ಲ” ಎಂದಳು.

ಪಂಕಜಕ್ಕ ‘ಧಾಟಿ: ಹಳೆಯ ಚಿತ್ರ’ ಎಂದು ಬರೆದುಕೊಂಡರು. ಹಾಡು ಕೇಳಿದರು. ಆ ಉದ್ದನೆಯ ಸ್ವರ ಬಂದಾಗ ಅವರ ಕಣ್ಣು ತುಂಬಿತು.

“ನೋಡಿದ್ರಾ? ನಾನು ಹೇಳ್ತಿರೋದು ಇದನ್ನೇ ಕಣ್ರೀ. ಈಗಿರೋರು ತಲೆಕೆಳಗಾಗಿ ನಿಂತ್ರೂ ಇಂಥದ್ದು ಮಾಡಕ್ಕಾಗತ್ತಾ?”

ನನಗೆ ನಗು ತಡೆಯಲಾಗದೆ ಕಿಟಕಿಯತ್ತ ತಿರುಗಿದೆ. ಕುರ್ಲಾದಲ್ಲಿ ನಿಲ್ಲುವ ಹೊತ್ತಿಗೆ ಲೋಲಾಕ್ಷಿ ನನ್ನ ಕೈ ಹಿಂಡಿ, “ಯಾರಿಗೂ ಹೇಳ್ಬೇಡ ಆಯ್ತಾ? ಹೇಳಿದ್ರೆ ನಾನು ಈ ಗಾಡಿಗೇ ಬರುದಿಲ್ಲ” ಎಂದಳು. ಕಣ್ಣಲ್ಲಿ ನೀರಿತ್ತು. ನಾನು ದೇವರಾಣೆ ಹಾಕಿದೆ. ಹಾಕಬಾರದಿತ್ತು.

ಹಾಡು ಹಬ್ಬಿತು. ಸುರಂಗ ಬರುವಾಗ ಸರಿಯಾಗಿ ಆ ಸ್ವರಕ್ಕೆ ತಲುಪುವ ಹಾಗೆ ನಮ್ಮವರು ಹಾಡನ್ನು ಎತ್ತುತ್ತಿದ್ದರು. ಹಿಂದಿನ ಬೋಗಿಯವರು ಕಲಿತರು, ಕಲಿತವರು ಠಾಣೆಗೆ ಒಯ್ದರು. ಭಿವಂಡಿಯಲ್ಲಿ ಯಾರದೋ ಗೃಹಪ್ರವೇಶದಲ್ಲಿ ಅದೇ ಹಾಡು ಕೇಳಿ ಬಂದ ದಿನ ಲೋಲಾಕ್ಷಿಗೆ ಊಟ ಸೇರಲಿಲ್ಲ. “ಇನ್ನು ಯಾರಾದ್ರೂ ಪಿಕ್ಚರ್ ಯಾವ್ದು ಅಂತ ಹುಡುಕ್ತಾರೆ, ನೋಡು” ಎಂದಳು. ಹಾಡು ಒಂದೊಂದು ಸ್ಟೇಷನ್ ದಾಟಿದಂತೆಲ್ಲ ಅವಳ ಜೀವ ಅಷ್ಟಷ್ಟು ಹಿಡಿಯಾಗುತ್ತಿತ್ತು. ತಾನು ಹೆತ್ತದ್ದಕ್ಕೆ ಹೀಗೆ ಹೆದರಿದ ತಾಯಿ ಇನ್ನೊಬ್ಬಳಿರಲಾರಳು.

ಹುಡುಕಿದರು ಕೂಡ. ಏಳೆಂಟು ವರ್ಷ ಕಳೆದ ಮೇಲೆ ಪಂಕಜಕ್ಕನ ಮೊಮ್ಮಗಳು ಪ್ರಕೃತಿ ಒಂದು ಶನಿವಾರ ಅಜ್ಜಿಯ ಜೊತೆ ಬಂದಿದ್ದಳು. ಹಾಡು ಕೇಳಿಸಿದರೆ ಯಾವ ಚಿತ್ರ ಎಂದು ಹೇಳುವ ಆ್ಯಪು ಅವಳ ಮೊಬೈಲಿನಲ್ಲಿತ್ತು. ನಾವು ಹಾಡುವಾಗ ಮೊಬೈಲನ್ನು ಲೋಲಾಕ್ಷಿಯ ಬಾಯಿಯ ಹತ್ತಿರ ಹಿಡಿದಳು. ಲೋಲಾಕ್ಷಿಯ ಬಾಯಿ ಹಾಡುತ್ತಿತ್ತು, ಕಣ್ಣು ಮಾತ್ರ ಆ ಮೊಬೈಲನ್ನು ಹಾವು ನೋಡಿದ ಹಾಗೆ ನೋಡುತ್ತಿತ್ತು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ನಿಂತಿತು.

“ನಹೀ ಮಿಲ್ ರಹಾ, ಅಜ್ಜಿ” ಎಂದಳು ಹುಡುಗಿ.

“ಹೇಗೆ ಸಿಗತ್ತೆ? ಅಷ್ಟು ಹಳೇದು ನಿನ್ನ ಡಬ್ಬೀಲಿ ಎಲ್ಲಿರತ್ತೆ?” ಎಂದರು ಪಂಕಜಕ್ಕ, ಹೆಮ್ಮೆಯಿಂದ.

ನಿವೃತ್ತಿಯಾದ ಮೇಲೆ ಅವರು ಮಗನ ಮನೆಗೆ, ನೆರೂಳಿಗೆ ಹೋದರು. ಅಲ್ಲೂ ಸೆಕ್ಟರಿನ ಹೆಂಗಸರನ್ನು ಕೂಡಿಸಿ ಮಂಡಳಿ ಕಟ್ಟಿದರು. ಎರಡು ಸಾವಿರದ ಹದಿಮೂರರಲ್ಲಿ ನಮ್ಮ ಕಡೆಯ ಕನ್ನಡ ಸಂಘದವರು ‘ಅಮರ ಗೀತೆಗಳು’ ಎಂಬ ಕಾರ್ಯಕ್ರಮ ಇಟ್ಟರು. ಮಾತು ಯಾರದಾದರೂ ಸರಿ, ಧಾಟಿ ಹಳೆಯದೇ ಆಗಬೇಕು, ಹೊಸದಕ್ಕೆ ಪ್ರವೇಶವಿಲ್ಲ. ಆಯ್ಕೆ ಪಂಕಜಕ್ಕನದು. ಮೊದಲ ಹಾಡು ಯಾವುದೆಂದು ನಾನು ಹೇಳಬೇಕಾಗಿಲ್ಲ. ಅವರು ಲೋಲಾಕ್ಷಿಗೆ ಫೋನು ಮಾಡಿದರು: “ಆಮಂತ್ರಣ ಪತ್ರಿಕೇಲಿ ಸಂಗೀತ ನಿರ್ದೇಶಕರ ಹೆಸರು ಹಾಕ್ಬೇಕಂತೆ. ನಂಗೆ ಅನುಮಾನವೇ ಇಲ್ಲ, ಇದು ಅವರದೇ ಕೈ.” ತೀರಿಹೋದ ಒಬ್ಬ ಮಹಾನುಭಾವರ ಹೆಸರು ಹೇಳಿದರಂತೆ.

ಲೋಲಾಕ್ಷಿ ಮೂರು ದಿನ ಜ್ವರ ಹಿಡಿದು ಮಲಗಿದಳು. ಸುಳ್ಳಿಗೆ ಈಗ ಒಬ್ಬ ದೊಡ್ಡವರ ಹೆಸರು ಅಂಟಿಕೊಂಡಿತ್ತು. ಅವರ ಮಕ್ಕಳು ಕೇಳಿದರೆ? ಸಭೆಯಲ್ಲಿ ತಿಳಿದವರೊಬ್ಬರು ಎದ್ದು ನಿಂತರೆ? ಎಲ್ಲರ ಮುಂದೆ ಪಂಕಜಕ್ಕನ ತಲೆ ತಗ್ಗಿದರೆ? ಶೇಖರನಿಗೆ ವಿಷಯ ಗೊತ್ತಿಲ್ಲ. ಡೆಂಗ್ಯೂ ಇರಬೇಕೆಂದು ರಕ್ತ ಪರೀಕ್ಷೆ ಮಾಡಿಸಿದ. ನಾನು ಹೋಗಿ ಗದರಿದೆ.

“ಅಚ್ಚಿಗೆ ಹೋಗುವ ಮೊದಲೇ ಹೇಳಿ ಮುಗಿಸು. ಹತ್ತು ವರ್ಷ ಆಯ್ತು. ಹತ್ತು ವರ್ಷ ಉಳಿದ್ರೆ ಸೋತೆ ಅಂತ ಅವರೇ ಹೇಳಿದ್ದಲ್ವಾ? ನೀನು ಗೆದ್ದಿದ್ದಿ ಮಾರಾಯ್ತಿ!”

“ಗೆದ್ದದ್ದಕ್ಕೇ ಹೆದ್ರಿಕೆ” ಎಂದಳು. ಆದರೆ ಎದ್ದಳು.

ಭಾನುವಾರ ಇಬ್ಬರೂ ನೆರೂಳಿಗೆ ಹೋದೆವು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಅವಳು ಬಾಯಿಪಾಠ ಮಾಡುತ್ತಿದ್ದಳು. ಪಂಕಜಕ್ಕ ಬಾಗಿಲಲ್ಲೇ ತಬ್ಬಿಕೊಂಡರು. ಅವರ ಗಂಡ ಸೂರ್ಯನಾರಾಯಣ ರಾಯರು ಪೇಪರು ಮಡಚಿಟ್ಟರು. ಕಾಫಿ ಬಂತು. ಲೋಲಾಕ್ಷಿ ಲೋಟ ಕೆಳಗಿಟ್ಟಳು. ಕಾಫಿ ತಟ್ಟೆಗೆ ಚೆಲ್ಲಿತು.

“ಅಕ್ಕ, ಆ ಧಾಟಿ ಪಿಕ್ಚರಿದ್ದಲ್ಲ. ನಂದು. ನಾನೇ ಮಾಡಿದ್ದು.”

ಬೈಯುತ್ತಾರೆ ಎಂದುಕೊಂಡೆ, ಇಲ್ಲವೇ ಅಪ್ಪಿಕೊಂಡು ಸೋತೆ ಎನ್ನುತ್ತಾರೆ. ಎರಡೂ ಆಗಲಿಲ್ಲ. ಪಂಕಜಕ್ಕ ಅವಳ ಕೈ ತಮ್ಮ ಕೈಯಲ್ಲಿ ತೆಗೆದುಕೊಂಡು, ಮಗುವಿಗೆ ಹೇಳುವಂತೆ ಮೆತ್ತಗೆ ಹೇಳಿದರು:

“ಹಾಗನ್ಸುತ್ತೆ ಕಣಮ್ಮ. ಹತ್ತು ವರ್ಷ ಹಾಡಿದೀಯ. ಒಳ್ಳೇ ಹಾಡು ಅಂದ್ರೆ ಅದೇ ಅಲ್ವಾ? ಹಾಡಿದೋರಿಗೆಲ್ಲ ನಂದೇ ಅನ್ಸುತ್ತೆ.”

“ಅಲ್ಲ ಅಕ್ಕ, ನಿಜವಾಗಿ...”

“ಈ ಧಾಟೀನ ನಮ್ಮಮ್ಮ ಹಾಡ್ತಿದ್ರು. ಸಂಜೆ ದೀಪ ಹಚ್ಚೋವಾಗ, ಮೈಸೂರಲ್ಲಿ. ನಂಗೆ ಆರೇಳು ವರ್ಷ. ಅಮ್ಮ ಹೋದ್ಮೇಲೆ ಅವರ ದನಿ ಹೇಗಿತ್ತು ಅನ್ನೋದೇ ಮರೆತೋಗಿತ್ತು. ನೀನು ಹಾಡಿದ ದಿನ ವಾಪಸ್ ಬಂತು.” ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

“ನಾನು ಆ ಪಿಕ್ಚರ್ ನೋಡಿದೀನಿ” ಎಂದರು ರಾಯರು. “ಟೆಂಟಲ್ಲಿ, ಎರಡು ಸಲ. ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಹಾಡ್ತಾಳೆ. ಬಿಳೀ ಸೀರೆ.”

ನನಗೆ ಮೈಯೆಲ್ಲ ಉರಿಯಿತು. ಯಾವ ಮೆಟ್ಟಿಲು, ಯಾವ ಸೀರೆ? ನನ್ನ ಭುಜದ ಮೇಲೆ ಹುಟ್ಟಿದ ರಾಗವದು. ಬಾಯಿ ತೆರೆದೆ. ಲೋಲಾಕ್ಷಿ ಮೇಜಿನ ಕೆಳಗೆ ನನ್ನ ತೊಡೆ ಒತ್ತಿ ಹಿಡಿದಳು. ಅವಳು ನೋಡುತ್ತಿದ್ದದ್ದು ಪಂಕಜಕ್ಕನ ಒದ್ದೆ ಕಣ್ಣುಗಳನ್ನು.

“ಸರಿ ಅಕ್ಕ, ಆ ಹೆಸರೇ ಹಾಕಿ” ಎಂದಳು.

ಠಾಣೆಗೆ ಹೋಗುವ ಗಾಡಿಯಲ್ಲಿ ಜಾಗ ಬೇಕಾದಷ್ಟಿತ್ತು. ಕೂತೆವು. ನಾನು ರಾಯರನ್ನೂ ಅವರ ಟೆಂಟನ್ನೂ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಲೋಲಾಕ್ಷಿ ಕೇಳಿಸಿಕೊಳ್ಳುತ್ತಿರಲಿಲ್ಲ. ಐರೋಲಿ ದಾಟಿದ ಮೇಲೆ ನನ್ನತ್ತ ತಿರುಗಿದಳು. ಅವಳ ಹೆದರಿಕೆಗಳನ್ನೆಲ್ಲ ನಾನು ಬಲ್ಲೆ. ಈ ಮುಖ ಮಾತ್ರ ಅದುವರೆಗೆ ಕಂಡಿರಲಿಲ್ಲ.

“ದಮಯಂತಿ, ಬಿಳೀ ಸೀರೆ ಅಂತ ಹೇಳಿದ್ರಲ್ಲ. ನಂಗೂ ಈಗ ಕಾಣ್ತಾ ಉಂಟು. ನಾನು ಸಣ್ಣದಿರುವಾಗ ರೇಡಿಯೋದಲ್ಲಿ ಎಲ್ಲಾದ್ರೂ ಕೇಳಿದ್ದಿರ್ಬಹುದಾ? ಅದು ನಂದೇ ಅಂತ ನಿಂಗೆ ಗ್ಯಾರಂಟಿ ಉಂಟಾ?”

“ಉಂಟು” ಎಂದೆ.

ಆದರೆ ಹೇಳುವ ಮೊದಲು ಒಂದು ಗಳಿಗೆ ತಡವಾಯಿತು. ಅವಳ ಬಾಲ್ಯದ ರೇಡಿಯೋದಲ್ಲಿ ಏನು ಬರುತ್ತಿತ್ತೆಂದು ನನಗೆ ಹೇಗೆ ಗೊತ್ತಿರಬೇಕು? ಅಷ್ಟು ತಡ ಅವಳಿಗೆ ಸಾಕಾಯಿತು. ಮತ್ತೆ ಕೇಳಲಿಲ್ಲ. ಪತ್ರಿಕೆ ಆ ದೊಡ್ಡವರ ಹೆಸರಿನಲ್ಲೇ ಅಚ್ಚಾಯಿತು. ಸಭೆಯಲ್ಲಿ ಯಾರೂ ಎದ್ದು ನಿಲ್ಲಲಿಲ್ಲ, ಚಪ್ಪಾಳೆ ತಟ್ಟಿದರು. ನಮ್ಮ ಬೋಗಿಯಲ್ಲಿ ಅದನ್ನು ಇಂದಿಗೂ ಹಾಡುತ್ತಾರೆ. ಲೋಲಾಕ್ಷಿ ಹಾಡುವುದಿಲ್ಲ. ತಾಳ ಹಾಕುತ್ತಾ, ಇದನ್ನು ಮೊದಲು ಎಲ್ಲಿ ಕೇಳಿದೆ ಎಂದು ಹುಡುಕುವವಳಂತೆ, ಎಲ್ಲರ ಬಾಯಿಯನ್ನೂ ಒಂದೊಂದಾಗಿ ನೋಡುತ್ತಾ ಕೂತಿರುತ್ತಾಳೆ.