ನಾಲ್ಕನೆಯ ಚಹಾ

ಮರುಭೂಮಿಯ ಆ ಒಂದು ದಿನವನ್ನು ಬಾಡಿಗೆ ಕಾರು, ಪೆಟ್ರೋಲು, ಊಟ ಎಲ್ಲ ಸೇರಿ ಮೂರು ಸಾವಿರ ರೂಪಾಯಿಯೊಳಗೆ ಮುಗಿಸಿದೆ. ಡ್ರೈವರ್ ಬೇಡ, ನಾವೇ ಓಡಿಸಿಕೊಳ್ಳುತ್ತೇವೆ ಎಂದದ್ದಕ್ಕೆ ಅಷ್ಟಕ್ಕೆ ಬಂತು. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ಆಗ ಹೈದರಾಬಾದಿನ ಮಿಯಾಪುರದ ಕಡೆ ಕಡಿಮೆ ಇದ್ದರು. ಆ ಲೆಕ್ಕವನ್ನು ವರ್ಷಗಟ್ಟಲೆ ಸ್ನೇಹಿತರ ಮುಂದೆ ಹೆಮ್ಮೆಯಿಂದ ಒಪ್ಪಿಸಿದ್ದೇನೆ. ಒಪ್ಪಿಸದೆ ನುಂಗಿಕೊಂಡದ್ದೂ ಒಂದಿದೆ. ದೆವ್ವ, ಶಕುನ, ಕಾಣದ ಕೈ ಎನ್ನುವವರನ್ನು ಕಂಡರೆ ನಗುತ್ತಿದ್ದವನು ನಾನು. ಈಗ ನಂಬುತ್ತೇನೆ ಎಂದೇನೂ ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನಾನು ಕಲ್ಲಿನ ವ್ಯಾಪಾರಿ. ಕಲಬುರಗಿ ಕಡೆಯಿಂದ ಅವ್ವನ ಜೊತೆ ಹೈದರಾಬಾದಿಗೆ ಬಂದಾಗ ಅವಳು ಕಟ್ಟಡಗಳಲ್ಲಿ ತಲೆಯ ಮೇಲೆ ಉಸುಕು ಹೊರುತ್ತಿದ್ದಳು, ನಾನು ಶಹಾಬಾದಿ ಚಪ್ಪಡಿ ಎತ್ತುತ್ತಿದ್ದೆ. ಆಮೇಲೆ ಸಾಫ್ಟ್‌ವೇರ್ ಕಂಪನಿಗಳು ಬಂದವು, ಅವುಗಳ ಬೆನ್ನಿಗೇ ಅಪಾರ್ಟ್‌ಮೆಂಟುಗಳು ಎದ್ದವು. ಎಷ್ಟು ಅಂತಸ್ತು ಎದ್ದರೂ ಪ್ರತಿ ಮನೆಗೂ ನೆಲ ಬೇಕಲ್ಲ. ಚಪ್ಪಡಿ ಎತ್ತುತ್ತಿದ್ದವನು ಹಾಸುವುದನ್ನು ಕಲಿತೆ, ಹಾಸುವವನು ಮಾರುವುದನ್ನು ಕಲಿತೆ. ಮಿಯಾಪುರದಲ್ಲಿ ಅಂಗಡಿ ಆಯಿತು, ಮಣಿಕೊಂಡದಲ್ಲಿ ಮನೆ ಆಯಿತು. ಅವ್ವ ಬುಟ್ಟಿ ಇಳಿಸಿದಳು.

ಒಂದು ವರ್ಷ ಅಂಗಡಿಗೆ ಬಂದ ಕ್ಯಾಲೆಂಡರಿನಲ್ಲಿ ರಾಜಸ್ಥಾನದ ಮರಳುಗುಡ್ಡಗಳ ಚಿತ್ರವಿತ್ತು. ಅವ್ವ ಅದರ ಮುಂದೆ ಬಹಳ ಹೊತ್ತು ನಿಂತಳು.

"ಯಪ್ಪಾ, ಇಷ್ಟು ಉಸುಕು ಯಾರು ಹೊತ್ತು ಹಾಕ್ಯಾರೋ?"

"ಯಾರೂ ಹೊತ್ತಿಲ್ಲವ್ವಾ. ತಾನಾ ಬಿದ್ದೈತಿ."

"ಹಂಗಾರ ಒಂದ್ ಸಲ ನೋಡಬೇಕು. ಹೊರಲಾರದ ಉಸುಕು ನಾ ಕಂಡೇ ಇಲ್ಲ."

ನನ್ನನ್ನು ಏನೂ ಕೇಳದವಳು ಕೇಳಿದ್ದಳು. ಅವತ್ತೇ ಯೋಜನೆ ಶುರುವಾಯಿತು. ಸಂಜೆ ಅಂಗಡಿ ಮುಚ್ಚಿ ಬಂದು ಊಟದ ಮೇಜಿನ ಮೇಲೆ ನಕ್ಷೆ ಹರಡಿ ಕೂರುತ್ತಿದ್ದೆ. ವಿಮಾನದಲ್ಲಿ ಜೈಪುರ, ಅಲ್ಲಿಂದ ರಾತ್ರಿ ರೈಲಿನಲ್ಲಿ ಜೈಸಲ್ಮೇರ್, ಬೆಳಿಗ್ಗೆ ಕಾರು ಹಿಡಿದು ಮರುಭೂಮಿಯಲ್ಲಿ ಒಂದು ಸುತ್ತು, ಕತ್ತಲಾಗುವುದರೊಳಗೆ ವಾಪಸ್ಸು. ನನ್ನ ಹೆಂಡತಿ ರೇಣುಕಾ ಕೂಡ ಚೆನ್ನಾಗಿ ಕಾರು ಓಡಿಸುತ್ತಾಳೆ, ಡ್ರೈವರ್ ಯಾಕೆ? ಕಾರಿನ ಮಾಲೀಕ ಫೋನಿನಲ್ಲಿ, ಡ್ರೈವರನನ್ನು ಇಟ್ಟುಕೊಳ್ಳಿ ಸಾಹೇಬರೇ, ಮರಳು ಮೋಸ ಮಾಡುತ್ತದೆ ಎಂದ. ಮರಳಿನಲ್ಲೇ ಬದುಕು ಕಟ್ಟಿದವನಿಗೆ ಮರಳಿನ ಪಾಠ ಹೇಳಬೇಡ, ದರ ಇಳಿಸು ಎಂದೆ. ನೀರಿನ ದೊಡ್ಡ ಕ್ಯಾನಿಗೆ ಬೇರೆ ಬಾಡಿಗೆ ಅಂದಾಗ ಅದನ್ನೂ ಬೇಡವೆಂದೆ.

ಅವ್ವ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ಒಂದು ಸಂಜೆ, "ಎಷ್ಟು ಮಂದಿ ಹೊಂಟೀವಿ?" ಎಂದಳು. ಮೂವರು ಎಂದೆ. "ಮೂರು ಮಂದಿ ಹೋಗಬಾರದು. ಕಲ್ಲು ಒಯ್ಯೋಣು."

ಓದುಗರಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಮೂವರು ಕೂಡಿ ಎಲ್ಲಿಗಾದರೂ ಹೊರಡುವುದು ಅಪಶಕುನವೆಂದು ಜೊತೆಗೆ ಒಂದು ಕಲ್ಲನ್ನು ಇಟ್ಟುಕೊಳ್ಳುತ್ತಾರೆ. ಕಲ್ಲೇ ನಾಲ್ಕನೆಯವನು. ಮರುದಿನ ಅವ್ವ ಅಂಗಡಿಗೆ ಬಂದು, ಹಿತ್ತಲಲ್ಲಿ ಒಡೆದ ಚಪ್ಪಡಿಗಳ ಗುಡ್ಡೆಯಿಂದ ಅಂಗೈಯಗಲದ ಶಹಾಬಾದಿ ತುಂಡೊಂದನ್ನು ಆರಿಸಿದಳು. ತೊಳೆದು, ಅರಿಶಿನ ಹಚ್ಚಿ, "ಬಾರಪ್ಪಾ, ನೀನೂ ನಮ್ಮ ಕೂಡ" ಎಂದು ಕರೆದಳು. ಕೆಲಸದವರು ನಕ್ಕರು, ನಾನೂ ನಕ್ಕೆ. ಕಲ್ಲು ಮಾರುವವನ ಜೊತೆ ಕಲ್ಲಿಗೂ ಒಂದು ಟಿಕೆಟ್ ಎಂದು ರೇಣುಕಾ ತಮಾಷೆ ಮಾಡಿದಳು. ಹಾಗೆ ಅಂದರೂ ಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದವಳು ಅವಳೇ.

ವಿಮಾನ ನಿಲ್ದಾಣದ ತಕ್ಕಡಿಯಲ್ಲಿ ಬ್ಯಾಗಿನ ತೂಕ ಒಂದಿಷ್ಟು ಹೆಚ್ಚು ಬಂತು. ಹೆಚ್ಚಿನದಕ್ಕೆ ಹಣ ಕಟ್ಟಿ ಎಂದರು. ಅಲ್ಲಿಯೂ ಚೌಕಾಸಿ ಮಾಡಿ ನೋಡಿದೆ, ನಡೆಯಲಿಲ್ಲ. ಅವ್ವನನ್ನೂ ರೇಣುಕಾಳನ್ನೂ ದೂರದ ಕುರ್ಚಿಗಳಲ್ಲಿ ಕೂರಿಸಿ ಬಂದು ಬ್ಯಾಗು ಬಿಚ್ಚಿದೆ. ಮೇಲೆಯೇ ನನ್ನ ಹೊಸ ಚರ್ಮದ ಬೂಟುಗಳಿದ್ದವು. ಮರಳುಗುಡ್ಡದ ಮೇಲೆ ಫೋಟೋ ತೆಗೆಸಿಕೊಳ್ಳಲೆಂದೇ ಕೊಂಡವು. ಅವನ್ನು ಪಕ್ಕಕ್ಕೆ ಸರಿಸಿ, ಟವೆಲ್ ಬಿಚ್ಚಿ, ಕಲ್ಲನ್ನು ತೆಗೆದು ಅಲ್ಲಿದ್ದ ಗಿಡದ ಕುಂಡದ ಹಿಂದೆ ಇಟ್ಟೆ. ತೂಕ ಸರಿಹೋಯಿತು.

"ಕಲ್ಲು ಐತಿಲ್ಲೋ?" ಎಂದು ಅವ್ವ ವಿಮಾನ ಹತ್ತುವಾಗ ಕೇಳಿದಳು.

"ಐತವ್ವಾ, ಬ್ಯಾಗಿನಾಗ ಐತಿ."

ಜೈಸಲ್ಮೇರಿನಿಂದ ಹೊರಟು ಸ್ವಲ್ಪ ದೂರದಲ್ಲಿ ದಾರಿ ಬದಿಯ ಗುಡಿಸಲಿನಲ್ಲಿ ಚಹಾಕ್ಕೆ ನಿಂತೆವು. ಮೂರು ಚಹಾ ಎಂದು ಹೇಳಿದ್ದೆ. ಅಂಗಡಿಯವನು ನಾಲ್ಕು ಗ್ಲಾಸು ತಂದಿಟ್ಟ. ಮೂರೇ ಹೇಳಿದ್ದಲ್ಲ ಎಂದರೆ, ಕಾರಿನ ಕಡೆ ಕೈ ತೋರಿಸಿ, ಅಲ್ಲಿ ನಿಂತಿದ್ದಾರಲ್ಲ, ಅವರಿಗೆ ಎಂದ. ತಿರುಗಿ ನೋಡಿದೆ. ಕಾರಿನ ಬಳಿ ಯಾರೂ ಇರಲಿಲ್ಲ. ಹೊರಗಿನವರನ್ನು ಕಂಡು ಒಂದು ಚಹಾ ಹೆಚ್ಚಿಗೆ ಕಟ್ಟುವ ಉಪಾಯ ಎಂದುಕೊಂಡೆ. ನಾನಾಗಿದ್ದರೆ ಬಹುಶಃ ಹಾಗೇ ಮಾಡುತ್ತಿದ್ದೆ.

"ಇರಲಿ ಬಿಡೋ, ಕಲ್ಲಿನ ಪಾಲಿಂದು" ಎಂದಳು ಅವ್ವ. "ಪಾಲಿಲ್ಲ, ಏನಿಲ್ಲ" ಎಂದು ನಾಲ್ಕನೆಯ ಗ್ಲಾಸನ್ನು ವಾಪಸ್ ಕಳಿಸಿ ಮೂರಕ್ಕೇ ದುಡ್ಡು ಕೊಟ್ಟೆ.

ಎಲ್ಲರೂ ಹೋಗುವ ಮರಳುಗುಡ್ಡಗಳಲ್ಲಿ ಜೀಪಿಗೆ, ಒಂಟೆಗೆ, ನಿಲ್ಲಿಸುವ ಜಾಗಕ್ಕೆ ಎಲ್ಲದಕ್ಕೂ ಹಣ ಕೇಳುತ್ತಾರೆ ಎಂದು ನಾನು ಹೈದರಾಬಾದಿನಲ್ಲೇ ವಿಚಾರಿಸಿದ್ದೆ. ಹಾಗಾಗಿ ನಕ್ಷೆಯಲ್ಲಿ ಗುರುತು ಮಾಡಿಟ್ಟ ಜಾಗದಲ್ಲಿ ಡಾಂಬರು ರಸ್ತೆ ಬಿಟ್ಟು ಒಂದು ಗಾಡಿಜಾಡಿಗೆ ಕಾರು ಇಳಿಸಿದೆ. ಜಾಡು ಚೆನ್ನಾಗಿಯೇ ಇತ್ತು. ಒಂದು ತಿರುವು ದಾಟಿದ ಮೇಲೆ ಸುತ್ತಲೂ ಗುಡ್ಡ ಗುಡ್ಡವಾಗಿ ಮರಳು, ಮನುಷ್ಯರ ಸುಳಿವಿಲ್ಲ. ಅವ್ವ ಕೆಳಗಿಳಿದು ಒಂದು ಮುಷ್ಟಿ ಎತ್ತಿ ಬೆರಳ ಸಂದಿಯಿಂದ ಸುರಿದಳು. "ಜರಡಿ ಹಿಡಿಯೂದೇ ಬ್ಯಾಡ" ಎಂದು ಹುಡುಗಿಯ ಹಾಗೆ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ಬೂಟು ಹಾಕಿಕೊಂಡು ಫೋಟೋ ತೆಗೆಸಿಕೊಂಡೆ.

ವಾಪಸ್ ಹೊರಟು ಸ್ವಲ್ಪ ದೂರ ಬರುವುದರಲ್ಲಿ ಕಾರು ಹೂತುಕೊಂಡಿತು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಇಳಿಯಿತು. ಕೈಯಿಂದ ಮರಳು ತೋಡಿದೆ, ಕಾರಿನ ಮ್ಯಾಟುಗಳನ್ನು ಚಕ್ರದ ಕೆಳಗೆ ಹಾಸಿದೆ, ತಳ್ಳಿದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ನೆತ್ತಿಯ ಮೇಲೆ ಸೂರ್ಯ. ನೆರಳಿಗೆ ಒಂದು ಮುಳ್ಳಿನ ಗಿಡವೂ ಇರಲಿಲ್ಲ. ಬಾಟಲಿಗಳಲ್ಲಿದ್ದ ನೀರು ಮುಗಿಯುತ್ತ ಬಂತು. ರೇಣುಕಾ ಸೆರಗು ಒದ್ದೆ ಮಾಡಿ ಅವ್ವನ ಮುಖದ ಮೇಲೆ ಹಾಕಿದಳು. ಅವ್ವನಿಗೆ ಬಿ.ಪಿ. ಇತ್ತು. ಮೊದಮೊದಲು ಮಾತಾಡುತ್ತಿದ್ದವಳು ಆಮೇಲೆ ಹಿಂದಿನ ಸೀಟಿನಲ್ಲಿ ಒರಗಿ ಕಣ್ಣು ಮುಚ್ಚಿದಳು. ಕರೆದರೆ "ಹೂಂ" ಎನ್ನಲೂ ತಡವಾಗತೊಡಗಿತು.

"ರೀ, ಅತ್ತೀಗೆ ನಾಲಗಿ ತೊದಲಾಕತ್ತೈತಿ. ಏನರ ಮಾಡ್ರಿ" ಎಂದಳು ರೇಣುಕಾ.

ಮುಂದೆ ಹತ್ತು ಮಾರು ದೂರದಲ್ಲಿ ಗಟ್ಟಿ ನೆಲ ಕಾಣುತ್ತಿತ್ತು. ಅಷ್ಟು ದಾಟಿದರೆ ಸಾಕು. ರೇಣುಕಾಳನ್ನು ಸ್ಟೇರಿಂಗಿಗೆ ಕೂರಿಸಿ ನಾನು ಹಿಂದಿನಿಂದ ಮತ್ತೊಮ್ಮೆ ಭುಜ ಕೊಟ್ಟೆ. ಬೂಟಿನ ತುಂಬ ಮರಳು. ಕಾರು ಅಲ್ಲಾಡಲಿಲ್ಲ. ಕಣ್ಣು ಮುಚ್ಚಿ ಹಲ್ಲು ಕಚ್ಚಿ ತಳ್ಳುತ್ತಿದ್ದೆ.

ಇನ್ನು ಆದದ್ದನ್ನು ಆದ ಹಾಗೇ ಹೇಳುತ್ತೇನೆ. ಚಪ್ಪಡಿ ಎತ್ತುವ ಕೆಲಸ ಮಾಡಿದವರಿಗೆ ಒಂದು ತಿಳಿವಳಿಕೆ ಇರುತ್ತದೆ. ಒಬ್ಬನೇ ಎತ್ತಲು ಒದ್ದಾಡುತ್ತಿರುವಾಗ ಇನ್ನೊಬ್ಬ ಬಂದು ಆ ಕಡೆಯ ತುದಿಗೆ ಕೈ ಕೊಟ್ಟರೆ ನೋಡಬೇಕಾಗಿಲ್ಲ, ನಿಮ್ಮ ಮಣಿಕಟ್ಟಿಗೇ ಗೊತ್ತಾಗುತ್ತದೆ. ಭಾರ ಒಮ್ಮೆಲೇ ಅರ್ಧವಾಗುತ್ತದೆ. ಆವತ್ತು ನನ್ನ ಮಣಿಕಟ್ಟಿಗೆ ಅದು ಗೊತ್ತಾಯಿತು. ಎಡಗಡೆ ಯಾರೋ ಕೈ ಕೊಟ್ಟರು. ಹಳೆಯ ಅಭ್ಯಾಸದಂತೆ "ಹೈಸ್ಸಾ" ಎಂದೆ. ಕಾರು ಎದ್ದು ಮುಂದಕ್ಕೆ ಓಡಿತು, ನಾನು ಮರಳಿನ ಮೇಲೆ ಮುಖ ಅಡಿಯಾಗಿ ಬಿದ್ದೆ. ಎದ್ದಾಗ ಬರೀ ಧೂಳು. ಎಡಕ್ಕೆ ಯಾರೂ ಇರಲಿಲ್ಲ.

ಓಡಿ ಹೋಗಿ ಕಾರು ಹತ್ತಿದೆ. ರೇಣುಕಾ ರಸ್ತೆಯ ಕಡೆಗೆ ತಿರುಗಿಸುತ್ತ, "ಅವರಿಗೆ ಏನರ ಕೊಟ್ರೇನ್ರಿ?" ಎಂದಳು.

"ಯಾರಿಗೆ?"

"ನಿಮ್ಮ ಕೂಡ ನೂಕಿದ್ರಲ್ಲ, ಕನ್ನಡಿಯಾಗ ಕಂಡ್ರು. ಹತ್ತು ರೂಪಾಯರ ಕೊಡಬೇಕಿತ್ತು. ಎಂಥಾ ಜೀನ ಅದೀರಿ!"

ನಾನು ಹಿಂದಕ್ಕೆ ತಿರುಗಿ ನೋಡಲಿಲ್ಲ. ಮರಳಿನ ಮೇಲೆ ಎಷ್ಟು ಜನರ ಹೆಜ್ಜೆ ಇವೆ ಎಂದು ಆಗಲೇ ನೋಡಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲವೋ ಏನೋ. ರೇಣುಕಾ ಈಗ ಕೇಳಿದರೆ, ಧೂಳಿತ್ತು, ಕಂಡಂಗಾತು ಅಷ್ಟೇ ಅನ್ನುತ್ತಾಳೆ.

ಅದೇ ಚಹಾದ ಗುಡಿಸಲಿನ ಮುಂದೆ ಕಾರು ನಿಲ್ಲಿಸಿದೆವು. ಅವ್ವನಿಗೆ ಉಪ್ಪು ಸಕ್ಕರೆ ಹಾಕಿದ ನೀರು ಗುಟುಕು ಗುಟುಕಾಗಿ ಕುಡಿಸಿದೆವು. ನಿಧಾನವಾಗಿ ಮುಖಕ್ಕೆ ಕಳೆ ಬಂತು. ಯಾರೂ ಹೇಳದೆ ನಾನೇ ನಾಲ್ಕು ಚಹಾ ಎಂದೆ. ಬೆಳಿಗ್ಗೆ ನೀನು ಕಂಡದ್ದು ಯಾರನ್ನು ಎಂದು ಅಂಗಡಿಯವನನ್ನು ಕೇಳಬಹುದಿತ್ತು. ನಾಲ್ಕಕ್ಕೂ ದುಡ್ಡು ಎಣಿಸಿ ಕೊಟ್ಟೆ.

ಅವ್ವ ನಾಲ್ಕನೆಯ ಗ್ಲಾಸನ್ನು ತನ್ನ ಹತ್ತಿರ ಎಳೆದುಕೊಂಡಳು. "ಕಲ್ಲು ತಗಿ. ಅದರ ಮ್ಯಾಲ ನಾಕು ಹನಿ ಬಿಡೂಣು."

ಬ್ಯಾಗಿನ ಜಿಪ್ಪಿಗೆ ಕೈ ಹಾಕಿ ನಿಂತೆ. ಅಲ್ಲೇ ಒಂದು ಕಲ್ಲು ಎತ್ತಿಕೊಂಡು ಕೊಟ್ಟುಬಿಡಲೇ ಎಂದು ಕೂಡ ಯೋಚಿಸಿದೆ. ಕೊನೆಗೆ ಹೇಳಿದೆ. "ಕಲ್ಲು ಇಲ್ಲವ್ವಾ. ಹೈದರಾಬಾದಿನಾಗ ಬಿಟ್ಟು ಬಂದೀನಿ."

"ಯಾಕೋ?"

"ವಜ್ಜಿ ಆಗಿತ್ತು."

ಅರ್ಧ ಆಯುಷ್ಯ ತಲೆಯ ಮೇಲೆ ಉಸುಕಿನ ಬುಟ್ಟಿ ಹೊತ್ತು ನನ್ನನ್ನು ಸಾಕಿದವಳ ಮುಂದೆ, ಅಂಗೈಯಗಲದ ಕಲ್ಲು ಭಾರವಾಯಿತು ಎಂದು ಹೇಳಿದ್ದೆ. ಅವಳು ನನ್ನ ಬೂಟು ನೋಡಿದಳು. ಬೈಯಲಿಲ್ಲ.

"ಹಂಗಾರ ಅದು ಅಲ್ಲಿಂದ ಇಲ್ಲೀತನ ನಡಕೋಂತ ಬಂತೇನೋ, ಯಪ್ಪಾ?" ಎಂದಳು. "ಅಷ್ಟು ದೂರದಿಂದ ಬಂದಿದ್ದಕ್ಕ ನೀ ಚಾ ವಾಪಸ್ ಕಳಿಸಿದಿ."

ಆ ಚಹಾವನ್ನು ಅವಳು ಮರಳಿನ ಮೇಲೆ ಸುರಿದಳು. ಮರಳು ಕುಡಿದುಬಿಟ್ಟಿತು.

ಹೈದರಾಬಾದಿಗೆ ಇಳಿದ ತಕ್ಷಣ ಆ ಕುಂಡ ಹುಡುಕಿಕೊಂಡು ಹೋದೆ. ಕುಂಡ ಇತ್ತು, ಕಲ್ಲು ಇರಲಿಲ್ಲ. ಗುಡಿಸುವವರು ತೆಗೆದಿರಬಹುದು, ಅದರಲ್ಲಿ ಆಶ್ಚರ್ಯವಿಲ್ಲ. ಚಕ್ರದ ಕೆಳಗೆ ಗಟ್ಟಿ ಮರಳು ಸಿಕ್ಕಿರಬಹುದು. ಅಂಗಡಿಯವನು ಬೇರೆ ಗಿರಾಕಿಯನ್ನು ಕಂಡಿರಬಹುದು. ಒಂದೊಂದಕ್ಕೂ ಒಂದೊಂದು ಉತ್ತರ ನನ್ನಲ್ಲಿದೆ. ನನ್ನ ಮಣಿಕಟ್ಟಿಗೆ ಮಾತ್ರ ಯಾವ ಉತ್ತರವನ್ನು ಕೊಟ್ಟರೂ ಅದು ಒಪ್ಪುವುದಿಲ್ಲ.

ನೀವು ಮರುಭೂಮಿಗೆ ಹೊರಟಿದ್ದರೆ ನನ್ನ ಮಾತು ಕೇಳಿ. ಕಾರಿನ ಬಾಡಿಗೆಗೆ ಧಾರಾಳವಾಗಿ ಚೌಕಾಸಿ ಮಾಡಿ, ನೀರಿಗೆ ಮಾಡಬೇಡಿ. ಎಷ್ಟೇ ಚೆನ್ನಾಗಿ ಕಂಡರೂ ಡಾಂಬರು ಬಿಟ್ಟು ಇಳಿಯಬೇಡಿ. ವಯಸ್ಸಾದವರಿದ್ದರೆ ದಾರಿ ಬಲ್ಲ ಡ್ರೈವರನ್ನು ಕರೆದುಕೊಂಡೇ ಹೋಗಿ. ಬ್ಯಾಗನ್ನು ಮನೆಯಲ್ಲೇ ತೂಗಿ ನೋಡಿ, ಹೆಚ್ಚಾದರೆ ಮೊದಲು ನಿಮ್ಮ ಸಾಮಾನು ತೆಗೆಯಿರಿ. ಮೂವರೇ ಇದ್ದರೆ ಒಂದು ಕಲ್ಲು ಇಟ್ಟುಕೊಳ್ಳಿ, ನಂಬಿಕೆ ಇರದಿದ್ದರೂ ನಡೆಯುತ್ತದೆ. ದಾರಿಯಲ್ಲಿ ಯಾರಾದರೂ ನಿಮ್ಮ ಮೂವರ ಮುಂದೆ ನಾಲ್ಕು ಚಹಾ ತಂದಿಟ್ಟರೆ, ಹಿಂದೆ ತಿರುಗಿ ನೋಡದೆ ನಾಲ್ಕಕ್ಕೂ ದುಡ್ಡು ಕೊಟ್ಟುಬಿಡಿ.